ಚಿನ್ನದ ಕೈವಾರದ ಅಚ್ಚುಕೂಟ

ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರಕ್ಕೆ ವಾರಾಂತ್ಯದ ಬಿಡುವಿನಲ್ಲಿ ಬರುವ ಪ್ರವಾಸಿಗರು ಸಾಮಾನ್ಯವಾಗಿ ಅಲ್ಲಿನ ಕೆಥೆಡ್ರಲಿನ ಗೋಪುರವನ್ನೂ ರೂಬೆನ್ಸನ ಚಿತ್ರಗಳನ್ನೂ ವಜ್ರದ ವ್ಯಾಪಾರಿಗಳ ಬೀದಿಯನ್ನೂ ನೋಡಿ ತೃಪ್ತರಾಗಿ ಹಿಂದಿರುಗುವರು. ಕೆಥೆಡ್ರಲಿನಿಂದ ಕೆಲವೇ ನಿಮಿಷಗಳ ನಡಿಗೆಯಲ್ಲಿ, ಇಂದಿಗೂ ಶುಕ್ರವಾರದ ಬೆಳಗ್ಗೆ ಹಳೆಯ ಸಾಮಾನುಗಳ ಹರಾಜು ನಡೆಯುವ ಫ್ರೈಡಾಗ್‌ಮಾರ್ಕ್ಟ್ ಎಂಬ ಪುಟ್ಟ ಚೌಕದ ಅಂಚಿನಲ್ಲಿ, ಮೂರು ಶತಮಾನಗಳ ಕಾಲ ಒಂದೇ ವಂಶದವರು ವಾಸಮಾಡುತ್ತ ಪುಸ್ತಕಗಳನ್ನು ಅಚ್ಚುಮಾಡಿದ ಮನೆಯೊಂದು, ಅದರ ಯಂತ್ರ, ಅಚ್ಚುಮೊಳೆ, ಲೆಕ್ಕದ ಪುಸ್ತಕ, ಪೀಠೋಪಕರಣಗಳ ಸಮೇತ ನಿಂತಿದೆಯೆಂಬುದನ್ನು ಅರಿತವರು ಅವರಲ್ಲಿ ವಿರಳ. ಪ್ಲಾಂಟಿನ್-ಮೊರೆಟಸ್ ವಸ್ತುಸಂಗ್ರಹಾಲಯವೆಂದು ಅದಕ್ಕೆ ಈಗಿನ ಹೆಸರು; ಅಲ್ಲಿ ಬಾಳಿದವರು ಕೊಟ್ಟ ಹೆಸರು 'ಚಿನ್ನದ ಕೈವಾರ'.

ಕ್ರಿಸ್ತೋಫ್ ಪ್ಲಾಂಟಿನ್ ಫ್ರಾನ್ಸಿನ ತೂರ್ ಪಟ್ಟಣದ ಸಮೀಪದಲ್ಲಿ 1520ರ ಸುಮಾರಿಗೆ ಹುಟ್ಟಿದವನು. ಹೊಟ್ಟೆಪಾಡಿಗಾಗಿ ಆಂಟ್‌ವರ್ಪಿಗೆ ಬಂದು, ಪುಸ್ತಕಗಳಿಗೆ ರಟ್ಟು ಕಟ್ಟುತ್ತ, ತೊಗಲಿನ ಪೆಟ್ಟಿಗೆಗಳನ್ನು ಅಲಂಕರಿಸುತ್ತ ಹೆಸರು ಗಳಿಸುತ್ತಿದ್ದಾಗ, ಒಂದು ರಾತ್ರಿ ಬೇರೊಬ್ಬನೆಂದು ಭ್ರಮಿಸಿದ ಕುಡುಕರು ಅವನನ್ನು ಕತ್ತಿಯಿಂದ ಇರಿದರೆಂದೂ, ಆ ಗಾಯದಿಂದ ನಾಜೂಕಿನ ಕೈಗೆಲಸ ಅಸಾಧ್ಯವಾದುದರಿಂದ ಅವನು ಮುದ್ರಣಕ್ಕೆ ಕೈಹಾಕಿದನೆಂದೂ ಹೇಳುತ್ತಾರೆ. 1555ರಲ್ಲಿ ಅವನ ಮೊದಲ ಪುಸ್ತಕ ಹೊರಬಂದಿತು. 1562ರಲ್ಲಿ ಅವನು ಪ್ಯಾರಿಸಿನಲ್ಲಿದ್ದ ವೇಳೆಗೆ ಮತವಿರೋಧಿಯಾದ ಕಿರುಹೊತ್ತಗೆಯೊಂದು ಅವನ ಅಚ್ಚುಕೂಟದಲ್ಲಿ ಮುದ್ರಿತವಾದುದು ಬಯಲಾಗಿ, ಅವನ ಸೊತ್ತೆಲ್ಲ ಹರಾಜಾಯಿತು. ಮರುವರ್ಷ ಹಿಂದಿರುಗಿ, ಪಾಲುದಾರರನ್ನು ಕೂಡಿಸಿಕೊಂಡು, ಮತ್ತೆ ಮೊದಲಿನಿಂದ ಕಟ್ಟಿದನು. ಪರಿಶ್ರಮದಿಂದ, ಸ್ಥೈರ್ಯದಿಂದ ಎಂಬರ್ಥದ ಲ್ಯಾಟಿನ್ ಪದಗಳನ್ನು ಕೈವಾರದ ಚಿತ್ರದೊಡನೆ ಲಾಂಛನವಾಗಿ ಇಟ್ಟುಕೊಂಡ ಈ ಪುರುಷನ ಬಾಳಿನಲ್ಲಿ ಆ ಮಾತುಗಳು ಅಲಂಕಾರಕ್ಕಾಗಿ ಬಂದವಲ್ಲ.

ಅವನ ಮಹತ್ಕಾರ್ಯವೆಂದರೆ 1568ರಲ್ಲಿ ಮೊದಲಾದ ಬಹುಭಾಷಾ ಬೈಬಲ್. ಹೀಬ್ರೂ, ಅರಮಾಯಿಕ್, ಸಿರಿಯಾಕ್, ಗ್ರೀಕ್, ಲ್ಯಾಟಿನ್ ಎಂಬ ಐದು ಭಾಷೆಗಳ ಪಾಠಗಳನ್ನು ಹೊಂದಿಸಿ ಮುದ್ರಿಸಿದ ಎಂಟು ಬೃಹತ್ ಸಂಪುಟಗಳ ಈ ಗ್ರಂಥಕ್ಕೆ ಸ್ಪೇನಿನ ಅರಸ ಎರಡನೆಯ ಫಿಲಿಪ್ ಪೋಷಕನಾಗಿ ನಿಂತು, ಅದನ್ನು ಪರಿಷ್ಕರಿಸಲು ಅರಿಯಾಸ್ ಮೊಂತಾನೊ ಎಂಬ ವಿದ್ವಾಂಸನನ್ನು ಆಂಟ್‌ವರ್ಪಿಗೆ ಕಳುಹಿಸಿದನು. ಗ್ರಂಥದ ಹಿರಿಮೆಯನ್ನು ಹೇಳುವ ಪುಸ್ತಕಗಳಿಗೆ ಕೊರತೆಯಿಲ್ಲ. ನನ್ನನ್ನು ಆ ಮನೆಯ ಬಾಗಿಲಿಗೆ ಎಳೆದು ತಂದುದು ಅದರ ಕರಡನ್ನು ಹೊತ್ತು ನಡೆದ ಒಬ್ಬ ಹುಡುಗಿ.

ಪ್ಲಾಂಟಿನನಿಗೆ ಐವರು ಹೆಣ್ಣುಮಕ್ಕಳು. 1570ರಲ್ಲಿ ಅರಸನ ಕಾರ್ಯದರ್ಶಿಗೆ ಬರೆದ ಪತ್ರವೊಂದರಲ್ಲಿ ಅವನು, ಹೆಮ್ಮೆಯನ್ನು ಅಡಗಿಸಲಾರದ ತಂದೆಯ ದನಿಯಲ್ಲಿ, ತನ್ನ ಮಕ್ಕಳ ವಿದ್ಯೆಯನ್ನೂ ದುಡಿಮೆಯನ್ನೂ ಒಬ್ಬೊಬ್ಬರದಾಗಿ ವಿವರಿಸುತ್ತಾನೆ. ಹಿರಿಯಳಾದ ಮಾರ್ಗರೆಟಾಳ ಕೈಬರಹ ಅತ್ಯಂತ ಸುಂದರವಾಗಿದ್ದರೂ ಕಣ್ಣುಗಳು ಕ್ಷೀಣಿಸಿದವು. ಮಾರ್ಟಿನಾ ಲೇಸಿನ ವ್ಯಾಪಾರವನ್ನು ನೋಡಿಕೊಳ್ಳುತ್ತಿದ್ದಳು. ನಾಲ್ಕನೆಯವಳಾದ ಮ್ಯಾಗ್ಡಲೇನಾಳಿಗೆ ಆಗ ಹದಿಮೂರು ವರ್ಷ. ಈ ಮಹಾಗ್ರಂಥದ ಕರಡಚ್ಚುಗಳನ್ನು ಮೊಂತಾನೊ ಇಳಿದುಕೊಂಡಿದ್ದ ಮನೆಗೆ ಒಯ್ಯುವುದೂ, ಅವನು ಕರಡನ್ನು ತಾಳೆನೋಡುತ್ತಿರಲು ಹೀಬ್ರೂ, ಸಿರಿಯಾಕ್, ಗ್ರೀಕ್ ಮೂಲಪಾಠಗಳನ್ನು ಎದುರಿಗೆ ಕುಳಿತು ಓದಿಹೇಳುವುದೂ ಅವಳ ಕೆಲಸವಾಗಿತ್ತು.

ಕರಡು ತಿದ್ದುವ ಕಾರ್ಯವನ್ನು ಬಲ್ಲವರಿಗೆ ಈ ಮಾತಿನ ಭಾರ ತಿಳಿಯುವುದು. ಒಬ್ಬರು ಮೂಲವನ್ನು ಓದುತ್ತಿರಲು ಇನ್ನೊಬ್ಬರು ಅಚ್ಚಾದುದರ ಮೇಲೆ ಕಣ್ಣಾಡಿಸುವ ಈ ಜೋಡಿ ಕೆಲಸದಲ್ಲಿ ಓದುವವರ ನಾಲಗೆ ಒಂದು ಬಿಂದುವನ್ನು ನುಂಗಿದರೂ ತಪ್ಪು ಸಾವಿರ ಪ್ರತಿಗಳಲ್ಲಿ ಶಾಶ್ವತವಾಗುವುದು. ಹೀಬ್ರೂ ಲಿಪಿಯಲ್ಲಾದರೋ ಸ್ವರಗಳು ಬಹುಮಟ್ಟಿಗೆ ಅಕ್ಷರದ ಸುತ್ತ ಇಡುವ ಚುಕ್ಕೆ ಗೆರೆಗಳಲ್ಲಿಯೇ ಅಡಗಿರುವುವು. ಆ ಬಾಲೆಗೆ ತಾನು ಓದಿದ ಭಾಷೆಗಳ ಅರ್ಥ ಎಷ್ಟರಮಟ್ಟಿಗೆ ತಿಳಿಯುತ್ತಿತ್ತೆಂಬ ವಿಚಾರವನ್ನು ಪಂಡಿತರು ಚರ್ಚಿಸುವರು. ಅರ್ಥ ತಿಳಿಯದೆ ಅಕ್ಷರ ತಪ್ಪದೆ ಓದುವುದು ಅರ್ಥ ತಿಳಿದು ಓದುವುದಕ್ಕಿಂತ ಕಷ್ಟತರವೆಂದೇ ನನ್ನ ಭಾವನೆ. ನಮ್ಮಲ್ಲಿ ವೇದಪಾಠ ಕಲಿತ ಬಾಲಕರ ಶ್ರಮವನ್ನು ಕಂಡವರು ಇದನ್ನು ಒಪ್ಪಿಯಾರು. ಮುಂದೆ ಅವಳು ತಂದೆಯ ಪ್ಯಾರಿಸಿನ ಅಂಗಡಿಯನ್ನು ನೋಡಿಕೊಳ್ಳುತ್ತಿದ್ದ ಜಿಲ್ ಬೇಸ್ ಎಂಬವನ ಕೈಹಿಡಿದು ಅಲ್ಲಿಗೆ ತೆರಳಿದಳು. ಆ ಎಂಟು ಸಂಪುಟಗಳಲ್ಲಿ ಅರಸನ ಹೆಸರಿದೆ, ಪಂಡಿತನ ಹೆಸರಿದೆ, ಮುದ್ರಕನ ಹೆಸರಿದೆ. ಮ್ಯಾಗ್ಡಲೇನಾಳ ಹೆಸರನ್ನು ಪತ್ರಗಳಲ್ಲಿಯೇ ಹುಡುಕಬೇಕು.

ಪ್ಲಾಂಟಿನ್ ಈ ಚೌಕದ ಮನೆಗೆ ಬಂದುದು 1576ರಲ್ಲಿ. ಅದೇ ನವೆಂಬರಿನಲ್ಲಿ, ಸಂಬಳ ಕಾಣದ ಸ್ಪೇನಿನ ಸೈನಿಕರು ನಗರವನ್ನು ಸೂರೆಮಾಡಿದರು. ಅದಕ್ಕೆ ಮುನ್ನ ಹದಿನಾರು ಯಂತ್ರಗಳೂ ಐವತ್ತಕ್ಕೂ ಮಿಕ್ಕ ಕೆಲಸಗಾರರೂ ಇದ್ದ ಸಂಸ್ಥೆ ಆ ವೈಭವವನ್ನು ಮತ್ತೆ ಪೂರ್ಣವಾಗಿ ಕಾಣಲಿಲ್ಲ. ಅವನು 1589ರಲ್ಲಿ ತೀರಿಕೊಂಡ ಬಳಿಕ ಮಾರ್ಟಿನಾಳ ಗಂಡ ಯಾನ್ ಮೊರೆಟಸನೂ ಅವನ ಸಂತತಿಯವರೂ ಮುಂದುವರಿಸಿದರು. ಪ್ಲಾಂಟಿನನ ಮೊಮ್ಮಗ ಬಾಲ್ತಾಸರನು ರೂಬೆನ್ಸನ ಗೆಳೆಯ. ರೂಬೆನ್ಸನು ಈ ಮನೆಯ ಪುಸ್ತಕಗಳಿಗೆ ಬರೆದುಕೊಟ್ಟ ಮುಖಪುಟಗಳ ವಿನ್ಯಾಸಗಳೂ ಮನೆಯವರ ಭಾವಚಿತ್ರಗಳೂ ಇಲ್ಲಿವೆ.

ಮನೆಯ ಮುದ್ರಣದ ಕೋಣೆಗೆ ಬಂದರೆ, ಗೋಡೆಯುದ್ದಕ್ಕೂ ಮರದ ಯಂತ್ರಗಳು ಸಾಲಾಗಿ ನಿಂತಿವೆ. ಕೊನೆಯಲ್ಲಿರುವ ಎರಡು 1600ರ ಸುಮಾರಿನವು, ಲೋಕದಲ್ಲಿ ಉಳಿದಿರುವ ಮುದ್ರಣಯಂತ್ರಗಳಲ್ಲಿ ಅತಿ ಪ್ರಾಚೀನವಾದವು. ಇಬ್ಬರು ಆಳುಗಳು, ಒಬ್ಬನು ತೊಗಲಿನ ಉಂಡೆಗಳಿಂದ ಮೊಳೆಗಳಿಗೆ ಮಸಿ ಹಚ್ಚುತ್ತ, ಇನ್ನೊಬ್ಬನು ಸನ್ನೆಯನ್ನು ಎಳೆಯುತ್ತ, ದಿನವೊಂದಕ್ಕೆ 1250 ಹಾಳೆಗಳ ಎರಡೂ ಮಗ್ಗುಲನ್ನು ಮುದ್ರಿಸಬೇಕಾಗಿತ್ತು. ಅಲ್ಲಿಂದ ಮಹಡಿಯನ್ನೇರಿದರೆ ಮೊಳೆ ಎರಕಹೊಯ್ಯುವ ಕೋಣೆ. ಉಕ್ಕಿನ ಕಡ್ಡಿಯ ತುದಿಯಲ್ಲಿ ಅಕ್ಷರವನ್ನು ತಿರುವುಮುರುವಾಗಿ ಕೊರೆದು, ಹದಗೊಳಿಸಿ, ತಾಮ್ರದ ತುಂಡಿಗೆ ಹೊಡೆದು ಪಡಿಯಚ್ಚು ಮಾಡಿ, ಅದರೊಳಗೆ ಸೀಸ, ತವರ, ಆಂಟಿಮನಿಗಳ ಮಿಶ್ರಲೋಹವನ್ನು ಹೊಯ್ದು ತೆಗೆದರೆ ಒಂದು ಮೊಳೆ. ಗಾರಮೋನ್, ಗ್ರಾಂಜೋನ್ ಮೊದಲಾದ ಮಹಾಕುಶಲಿಗಳು ಕೊರೆದ ಉಕ್ಕಿನ ಅಚ್ಚುಗಳು ಸಾವಿರಗಟ್ಟಲೆಯಾಗಿ ಇಲ್ಲಿ ಸುರಕ್ಷಿತವಾಗಿವೆ. ಗ್ರಾಂಜೋನನ ಒಂದು ಅಕ್ಷರಮಾಲೆಯನ್ನು ಅನುಸರಿಸಿ 1913ರಲ್ಲಿ ಇಂಗ್ಲೆಂಡಿನಲ್ಲಿ ಪ್ಲಾಂಟಿನ್ ಎಂಬ ಮಾದರಿಯನ್ನು ರಚಿಸಿದರು. ಅದನ್ನು ಆಧರಿಸಿ 1932ರಲ್ಲಿ ಲಂಡನ್ ಪತ್ರಿಕೆಯೊಂದಕ್ಕಾಗಿ ರೂಪುಗೊಂಡುದೇ ಇಂದು ಗಣಕಯಂತ್ರಗಳಲ್ಲೆಲ್ಲ ಕಾಣುವ ಟೈಮ್ಸ್ ನ್ಯೂ ರೋಮನ್.

ಸ್ಪೇನಿನ ಸಾಮ್ರಾಜ್ಯಕ್ಕೆ ಪೂಜಾಗ್ರಂಥಗಳನ್ನು ಒದಗಿಸುವ ವಿಶೇಷಾಧಿಕಾರವೇ ಮನೆತನದ ಸಂಪತ್ತಿನ ಮೂಲವಾಗಿತ್ತು. ಹದಿನೆಂಟನೆಯ ಶತಮಾನದಲ್ಲಿ ಅದು ಕೈತಪ್ಪಿದ ಮೇಲೆ ಕೆಲಸ ಕುಗ್ಗುತ್ತ ಬಂದು, 1867ರಲ್ಲಿ ನಿಂತಿತು. ಹಳೆಯ ಮೊಳೆಗಳನ್ನು ಕರಗಿಸದೆ, ಕಾಗದಪತ್ರಗಳನ್ನು ಸುಡದೆ ಕಾಪಾಡಿದ ಮನೆತನದ ಎಡ್ವರ್ಡ್ ಮೊರೆಟಸ್ 1876ರಲ್ಲಿ ಎಲ್ಲವನ್ನೂ ನಗರಕ್ಕೆ ಮಾರಿದನು. ಮರುವರ್ಷ ಸಾರ್ವಜನಿಕರಿಗೆ ಬಾಗಿಲು ತೆರೆಯಿತು. 1945ರ ಜನವರಿ 2ರಂದು ಚೌಕದ ಮೇಲೆ ಬಿದ್ದ ಜರ್ಮನರ ಬಾಂಬಿನಿಂದ ಜಖಂಗೊಂಡ ಭಾಗವನ್ನು ಮತ್ತೆ ಕಟ್ಟಿ ನಿಲ್ಲಿಸಿದರು. 2005ರಲ್ಲಿ ಯುನೆಸ್ಕೋ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಮೊಳೆಗಳ ಮುಂದೆ ನಿಂತ ಕನ್ನಡಿಗನಿಗೆ ಊರಿನ ನೆನಪು ಬಾರದಿರದು. ಕಿಟ್ಟೆಲರ ನಿಘಂಟನ್ನು 1894ರಲ್ಲಿ ಹೊರತಂದ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಲ್ಲಿಯೂ, ನಮ್ಮ ಪಟ್ಟಣಗಳ ಎಷ್ಟೋ ಚಿಕ್ಕ ಮುದ್ರಣಾಲಯಗಳಲ್ಲಿಯೂ, ಒತ್ತು ಗುಣಿತಗಳ ದೆಸೆಯಿಂದ ಇಂಗ್ಲಿಷಿಗಿಂತ ಎಷ್ಟೋ ಹೆಚ್ಚು ಬಗೆಯ ಮೊಳೆಗಳನ್ನು ಬೆರಳಿನ ಅಭ್ಯಾಸದಿಂದಲೇ ಆಯ್ದು ಜೋಡಿಸಿದವರಿದ್ದರು. ಅವರ ಎದುರಿಗೆ ಕುಳಿತು ಕರಡು ಓದಿದ ಹುಡುಗ ಹುಡುಗಿಯರೂ ಇದ್ದರು. ಗಣಕಯಂತ್ರ ಬಂದಾಗ ಆ ಮೊಳೆಗಳಲ್ಲಿ ಬಹುಪಾಲು ಸೀಸದ ಬೆಲೆಗೆ ತೂಕದ ಲೆಕ್ಕದಲ್ಲಿ ಹೋದವು. ಯಾರ ಮನೆಯ ಅಟ್ಟದಲ್ಲಾದರೂ ಕನ್ನಡದ ಮೊಳೆಗಳಿದ್ದರೆ, ತಿದ್ದುಗುರುತುಗಳಿರುವ ಹಳೆಯ ಕರಡುಗಳಿದ್ದರೆ, ದಯವಿಟ್ಟು ಅವನ್ನು ಗುಜರಿಗೆ ಹಾಕಬೇಡಿರಿ. ಮೊಳೆ ಜೋಡಿಸಿದವರು ಇನ್ನೂ ಬದುಕಿದ್ದರೆ, ಅವರ ಹೆಸರನ್ನು ಕೇಳಿ ಬರೆದಿಟ್ಟುಕೊಳ್ಳಿರಿ.