ಹಳೆಯ ಟೆನಿಸ್ ರ‍್ಯಾಕೆಟ್‌ಗಳ ಸಂಗ್ರಹ

ಹಳೆಯ ಟೆನಿಸ್ ರ‍್ಯಾಕೆಟ್‌ಗಳ ಸಂಗ್ರಹವು ಲಾನ್ ಟೆನಿಸ್ ಆಟದ ಆರಂಭಕಾಲದಿಂದ 1980ರ ದಶಕದವರೆಗೆ ತಯಾರಾದ ರ‍್ಯಾಕೆಟ್‌ಗಳನ್ನು, ಅದರಲ್ಲೂ ಮರದ ಚೌಕಟ್ಟಿನವುಗಳನ್ನು, ಆಯ್ದು ಕೂಡಿಸಿ ಕಾಪಾಡುವ ಹವ್ಯಾಸವಾಗಿದೆ. ನಾಣ್ಯಗಳ ಮೇಲೆ ಇರುವಂತೆ ರ‍್ಯಾಕೆಟ್‌ಗಳ ಮೇಲೆ ತಯಾರಿಕೆಯ ವರ್ಷವು ಸಾಮಾನ್ಯವಾಗಿ ನಮೂದಾಗಿರುವುದಿಲ್ಲ. ತಲೆಯ ಆಕಾರ, ಕತ್ತಿನ ಬೆಣೆ, ಹಿಡಿ, ತಂತಿ ಮತ್ತು ತಯಾರಕರ ಮುದ್ರೆಗಳಿಂದಲೇ ಅದರ ಕಾಲವನ್ನು ನಿರ್ಧರಿಸಬೇಕಾಗುತ್ತದೆ. ಆದುದರಿಂದ ಸಂಗ್ರಾಹಕರು ಹೊಳಪಿಗಿಂತ ಮೂಲಸ್ಥಿತಿಗೆ ಹೆಚ್ಚು ಬೆಲೆ ಕೊಡುತ್ತಾರೆ. ಉಜ್ಜಿ, ಬಣ್ಣ ಬಳಿದು, ಹೊಸ ಚರ್ಮ ಸುತ್ತಿದ ರ‍್ಯಾಕೆಟ್ ನೋಡಲು ಚೆನ್ನಾಗಿದ್ದರೂ ತನ್ನ ಇತಿಹಾಸದ ಕುರುಹುಗಳನ್ನು ಕಳೆದುಕೊಂಡಿರುತ್ತದೆ.

ಹಿನ್ನೆಲೆ

ಇಂಗ್ಲೆಂಡಿನ ಮೇಜರ್ ವಾಲ್ಟರ್ ಕ್ಲಾಪ್ಟನ್ ವಿಂಗ್‌ಫೀಲ್ಡ್ 1874ರಲ್ಲಿ ತಮ್ಮ ಆಟಕ್ಕೆ ಪೇಟೆಂಟ್ ಪಡೆದು, ರ‍್ಯಾಕೆಟ್, ಚೆಂಡು ಮತ್ತು ಬಲೆಗಳನ್ನು ಪೆಟ್ಟಿಗೆಯಲ್ಲಿಟ್ಟು ಮಾರಾಟ ಮಾಡಿದರು. 1877ರಲ್ಲಿ ಮೊದಲ ವಿಂಬಲ್ಡನ್ ಪಂದ್ಯಾವಳಿ ನಡೆಯಿತು. ಅಂದಿನಿಂದ ಸುಮಾರು ನೂರು ವರ್ಷಗಳ ಕಾಲ ಟೆನಿಸ್ ನಿಯಮಾವಳಿಯಲ್ಲಿ ರ‍್ಯಾಕೆಟ್ ಹೇಗಿರಬೇಕೆಂಬ ವ್ಯಾಖ್ಯೆಯೇ ಇರಲಿಲ್ಲ. ತಯಾರಕರು ಆಕಾರ, ಅಳತೆ ಮತ್ತು ವಸ್ತುಗಳಲ್ಲಿ ಸ್ವತಂತ್ರವಾಗಿ ಪ್ರಯೋಗ ಮಾಡಿದರು. ಇಂದು ಸಂಗ್ರಾಹಕರಿಗೆ ದೊರೆಯುವ ವೈವಿಧ್ಯಕ್ಕೆ ಇದೊಂದು ಮುಖ್ಯ ಕಾರಣ.

1977ರಲ್ಲಿ ‘ಸ್ಪಾಗೆಟಿ’ ಎಂಬ ಅಡ್ಡಹೆಸರಿನ ಎರಡು ಪದರದ ತಂತಿಯ ರ‍್ಯಾಕೆಟ್ ಚೆಂಡಿಗೆ ವಿಪರೀತ ತಿರುಗು ಕೊಡತೊಡಗಿತು. ಅದೇ ವರ್ಷ ಇಲಿ ನಾಸ್ತಾಸೆ ಇಂತಹ ರ‍್ಯಾಕೆಟ್ ಹಿಡಿದು ಆಡಿದ ಪಂದ್ಯದಲ್ಲಿ ಗಿಲ್ಲೆರ್ಮೊ ವಿಲಾಸ್ ಅವರ ಸತತ ಗೆಲುವುಗಳ ಸರಣಿ ಕೊನೆಗೊಂಡಿತು. ಅಂತರರಾಷ್ಟ್ರೀಯ ಒಕ್ಕೂಟವು ಈ ತಂತಿವ್ಯವಸ್ಥೆಯನ್ನು ನಿಷೇಧಿಸಿ, ಬಳಿಕ ರ‍್ಯಾಕೆಟ್‌ನ ವ್ಯಾಖ್ಯೆಯನ್ನು ನಿಯಮಗಳಿಗೆ ಸೇರಿಸಿತು.

ಕಾಲವನ್ನು ಗುರುತಿಸುವ ಲಕ್ಷಣಗಳು

ತಲೆಯ ಆಕಾರ: 1870ರ ದಶಕದ ರ‍್ಯಾಕೆಟ್‌ಗಳ ತಲೆ ಒಂದು ಬದಿಗೆ ವಾಲಿರುತ್ತದೆ. ಇದು ಒಳಾಂಗಣದ ಪ್ರಾಚೀನ ಟೆನಿಸ್‌ನಿಂದ ಬಂದ ರೂಪ. 1880ರ ದಶಕದಲ್ಲಿ ಮೇಲ್ಭಾಗ ಚಪ್ಪಟೆಯಾದ ತಲೆಗಳು ಬಳಕೆಗೆ ಬಂದವು. ಕ್ರಮೇಣ ಅಂಡಾಕಾರವು ರೂಢಿಯಾಯಿತು. ಮರದ ರ‍್ಯಾಕೆಟ್‌ಗಳ ತಲೆಯ ವಿಸ್ತೀರ್ಣ ಸಾಮಾನ್ಯವಾಗಿ 65ರಿಂದ 70 ಚದರ ಅಂಗುಲದಷ್ಟಿರುತ್ತದೆ.

ಬೆಣೆ: ಮರದ ಪಟ್ಟಿಯನ್ನು ಬಾಗಿಸಿ ತಲೆಯನ್ನು ರೂಪಿಸಿದಾಗ ಕತ್ತಿನಲ್ಲಿ ಉಳಿಯುವ ತ್ರಿಕೋನ ಜಾಗವನ್ನು ತುಂಬುವ ಮರದ ತುಂಡೇ ಬೆಣೆ. ಆರಂಭದ ರ‍್ಯಾಕೆಟ್‌ಗಳಲ್ಲಿ ಇದರ ಮೇಲಂಚು ತಂತಿಗಳ ಕಡೆಗೆ ಉಬ್ಬಿರುತ್ತದೆ. 20ನೇ ಶತಮಾನದ ರ‍್ಯಾಕೆಟ್‌ಗಳಲ್ಲಿ ಅದು ತಲೆಯ ಅಂಡಾಕಾರಕ್ಕೆ ಹೊಂದಿಕೊಂಡು ಒಳಬಾಗಿರುತ್ತದೆ.

ಹಿಡಿ: ಹಳೆಯ ಹಿಡಿಗಳು ಬರಿಮರದವು. ಕೈ ಜಾರದಿರಲೆಂದು ಅವುಗಳ ಮೇಲೆ ಉದ್ದುದ್ದ ಗೀರುಗಳನ್ನು ಅಥವಾ ಜಾಲದಂತಹ ಕೆತ್ತನೆಯನ್ನು ಮಾಡಲಾಗುತ್ತಿತ್ತು. ತುದಿಯು ಮೀನಿನ ಬಾಲದಂತೆ ಕವಲೊಡೆದ ಹಿಡಿಗಳು 19ನೇ ಶತಮಾನದ ಕೊನೆ ಮತ್ತು 20ನೇ ಶತಮಾನದ ಆರಂಭಕ್ಕೆ ಸೇರಿದವು. ಅಷ್ಟು ಹಳೆಯ ಹಿಡಿಗೆ ಚರ್ಮದ ಸುತ್ತು ಇದ್ದರೆ ಅದು ಹೆಚ್ಚಾಗಿ ನಂತರದ ಸೇರ್ಪಡೆ.

ಚೌಕಟ್ಟು: ಮೊದಲಿನವು ಆಶ್ ಮರದ ಒಂದೇ ಪಟ್ಟಿಯನ್ನು ಆವಿಯಲ್ಲಿ ಬಾಗಿಸಿ ಮಾಡಿದವು. ತೆಳುವಾದ ಹಲವು ಪಟ್ಟಿಗಳನ್ನು ಅಂಟಿಸಿ ಮಾಡುವ ವಿಧಾನ 1930ರ ದಶಕದಲ್ಲಿ ಹರಡಿತು. 1931ರಲ್ಲಿ ಬಂದ ಡನ್‌ಲಪ್ ಮ್ಯಾಕ್ಸ್‌ಪ್ಲೈ ಇದಕ್ಕೆ ಪ್ರಸಿದ್ಧ ಉದಾಹರಣೆ. ಚೌಕಟ್ಟಿನ ಅಂಚನ್ನು ಬದಿಯಿಂದ ನೋಡಿದರೆ ಪದರಗಳು ಗೆರೆಗಳಂತೆ ಕಾಣುತ್ತವೆ.

ತಂತಿ: ಮೂಲತಃ ಕುರಿ ಮುಂತಾದ ಪ್ರಾಣಿಗಳ ಕರುಳಿನಿಂದ ಮಾಡಿದ ತಂತಿಗಳನ್ನು ಬಳಸಲಾಗುತ್ತಿತ್ತು. 1900ರ ಸುಮಾರಿನ ಚೌಕಟ್ಟಿನಲ್ಲಿ ನೈಲಾನ್ ತಂತಿ ಕಂಡುಬಂದರೆ ಅದನ್ನು ನಂತರ ಹಾಕಿದ್ದೆಂದು ತಿಳಿಯಬೇಕು.

ಮುದ್ರೆ: ರ‍್ಯಾಕೆಟ್ ಮೇಲಿನ ಪೇಟೆಂಟ್ ದಿನಾಂಕವು ತಯಾರಿಕೆಯ ವರ್ಷವಲ್ಲ. ಅದಕ್ಕಿಂತ ಮೊದಲು ತಯಾರಾಗಿರಲಾರದು ಎಂಬುದಷ್ಟೇ ಅದರಿಂದ ತಿಳಿಯುತ್ತದೆ. ಊರು ಮತ್ತು ದೇಶದ ಹೆಸರುಗಳೂ ಸಾಕ್ಷ್ಯ ಒದಗಿಸುತ್ತವೆ. ಸಿಯಾಲ್‌ಕೋಟ್ ನಗರವು ಬ್ರಿಟಿಷ್ ಆಳ್ವಿಕೆಯ ಕಾಲದಲ್ಲಿ ಕ್ರೀಡಾ ಸಾಮಗ್ರಿಗಳ ದೊಡ್ಡ ಕೇಂದ್ರವಾಗಿತ್ತು. ಅಲ್ಲಿ ಹಿಪ್ಪುನೇರಳೆ ಮರವನ್ನೂ ಬಳಸಲಾಗುತ್ತಿತ್ತು. ಸಿಯಾಲ್‌ಕೋಟ್ ಮತ್ತು ಭಾರತ ಎಂಬ ಎರಡೂ ಹೆಸರುಗಳಿರುವ ಮುದ್ರೆಯು 1947ರ ದೇಶವಿಭಜನೆಗೆ ಹಿಂದಿನದು. ವಿಭಜನೆಯ ನಂತರ ಅಲ್ಲಿನ ಅನೇಕ ಕಸುಬುದಾರರು ಜಲಂಧರ್ ಮತ್ತು ಮೀರತ್‌ಗಳಲ್ಲಿ ನೆಲೆಸಿ ಉದ್ಯಮವನ್ನು ಮುಂದುವರಿಸಿದರು.

ಆಯ್ಕೆಯ ಮಾನದಂಡಗಳು

ಕೇವಲ ಹಳೆಯದೆಂಬ ಕಾರಣಕ್ಕೆ ರ‍್ಯಾಕೆಟ್ ಅಪರೂಪದ್ದಾಗುವುದಿಲ್ಲ. ವಿಲ್ಸನ್ ಸಂಸ್ಥೆಯು ಜ್ಯಾಕ್ ಕ್ರೇಮರ್ ಹೆಸರಿನಲ್ಲಿ ದಶಕಗಳ ಕಾಲ ಮಾರಿದ ಮರದ ರ‍್ಯಾಕೆಟ್‌ಗಳು ಇಂದಿಗೂ ಅಧಿಕ ಸಂಖ್ಯೆಯಲ್ಲಿ ದೊರೆಯುತ್ತವೆ. ಇಂತಹ ಮಾದರಿಯನ್ನು ಕೊಳ್ಳುವಾಗ ಬಳಸದೆ ಉಳಿದ ಉತ್ತಮ ಪ್ರತಿಯನ್ನು ಕಾದು ಆರಿಸುವುದು ಲೇಸು. ವಾಲಿದ ತಲೆಯ ರ‍್ಯಾಕೆಟ್‌ನಂತಹ ವಿರಳ ವಸ್ತುವಿನಲ್ಲಾದರೋ ಹರಿದ ತಂತಿ, ಮಾಸಿದ ವಾರ್ನಿಷ್ ಮೊದಲಾದ ಕೊರತೆಗಳನ್ನು ಒಪ್ಪಿಕೊಳ್ಳಲಾಗುತ್ತದೆ.

ಕೊಳ್ಳುವ ಮೊದಲು ಚೌಕಟ್ಟನ್ನು ಸಮತಟ್ಟಾದ ಮೇಜಿನ ಮೇಲಿಟ್ಟು, ಹಿಡಿಯ ತುದಿಯಿಂದ ತಲೆಯತ್ತ ನೇರವಾಗಿ ನೋಡಿದರೆ ಅದು ಸೊಟ್ಟಗಾಗಿದೆಯೇ ಎಂಬುದು ತಿಳಿಯುತ್ತದೆ. ತಂತಿಯ ರಂಧ್ರಗಳ ನಡುವೆ ಹಾಗೂ ಬೆಣೆಯ ಎರಡು ಬದಿಗಳಲ್ಲಿ ಬಿರುಕುಗಳು ಹೆಚ್ಚಾಗಿ ಕಾಣಿಸಿಕೊಳ್ಳುತ್ತವೆ. ಪದರಗಳು ಬಿಟ್ಟುಕೊಂಡಿರುವುದು, ಹಿಡಿಯನ್ನು ಮೊಟಕುಗೊಳಿಸಿರುವುದು ಮತ್ತು ಕೊರೆಹುಳುವಿನ ಸಣ್ಣ ತೂತುಗಳು ಗಮನಿಸಬೇಕಾದ ಇತರ ದೋಷಗಳು. ತೂತುಗಳಿಂದ ಹೊಸ ಮರದಪುಡಿ ಉದುರುತ್ತಿದ್ದರೆ ಹುಳು ಇನ್ನೂ ಜೀವಂತವಾಗಿರಬಹುದು. ಅಂತಹ ರ‍್ಯಾಕೆಟ್ ಇಡೀ ಸಂಗ್ರಹಕ್ಕೆ ಅಪಾಯಕಾರಿ.

ಮರವಲ್ಲದ ವಸ್ತುಗಳಿಗೂ ಸಂಗ್ರಹದಲ್ಲಿ ಸ್ಥಾನವಿದೆ. ಅಮೆರಿಕದ ಡೇಟನ್ ಸಂಸ್ಥೆಯು 1920ರ ದಶಕದಲ್ಲಿಯೇ ಉಕ್ಕಿನ ಚೌಕಟ್ಟು ಮತ್ತು ಉಕ್ಕಿನ ತಂತಿಗಳ ರ‍್ಯಾಕೆಟ್ ತಯಾರಿಸಿತು. ರೆನೆ ಲಕೋಸ್ಟ್ ರೂಪಿಸಿದ ವಿನ್ಯಾಸವನ್ನು ಆಧರಿಸಿದ ವಿಲ್ಸನ್ ಟಿ2000 ಎಂಬ ಉಕ್ಕಿನ ರ‍್ಯಾಕೆಟ್ 1967ರಲ್ಲಿ ಬಂದಿತು. ಜಿಮ್ಮಿ ಕಾನರ್ಸ್ ಅದನ್ನು 1980ರ ದಶಕದವರೆಗೂ ಬಳಸಿದರು. ಹೊವರ್ಡ್ ಹೆಡ್ ರೂಪಿಸಿ 1976ರಲ್ಲಿ ಮಾರುಕಟ್ಟೆಗೆ ಬಂದ ಪ್ರಿನ್ಸ್ ರ‍್ಯಾಕೆಟ್‌ನ ತಲೆ ಸುಮಾರು 110 ಚದರ ಅಂಗುಲದಷ್ಟಿದ್ದು, ಮೊದಮೊದಲು ಅಪಹಾಸ್ಯಕ್ಕೆ ಗುರಿಯಾಯಿತು. ಆದರೆ 1978ರಲ್ಲಿ 16 ವರ್ಷದ ಪ್ಯಾಮ್ ಶ್ರೈವರ್ ಅದನ್ನು ಹಿಡಿದು ಯು.ಎಸ್. ಓಪನ್ ಅಂತಿಮ ಪಂದ್ಯವನ್ನು ತಲುಪಿದರು. ಗ್ರ್ಯಾಫೈಟ್ ಚೌಕಟ್ಟುಗಳು ಹರಡಿದಂತೆ 1980ರ ದಶಕದಲ್ಲಿ ಮರವು ಉನ್ನತ ಮಟ್ಟದ ಆಟದಿಂದ ಮರೆಯಾಯಿತು. 1991ರಲ್ಲಿ ಬ್ಯೋರ್ನ್ ಬೋರ್ಗ್ ಮಾಂಟೆ ಕಾರ್ಲೊದಲ್ಲಿ ಮರದ ರ‍್ಯಾಕೆಟ್‌ನೊಂದಿಗೇ ಮರಳಿ ಕಣಕ್ಕಿಳಿದು ಮೊದಲ ಪಂದ್ಯದಲ್ಲಿಯೇ ಸೋತರು.

ಆಟಗಾರರ ಹೆಸರಿನ ರ‍್ಯಾಕೆಟ್‌ಗಳು

ಚೌಕಟ್ಟಿನ ಮೇಲೆ ಆಟಗಾರರ ಸಹಿ ಅಚ್ಚಾಗಿದ್ದ ಮಾತ್ರಕ್ಕೆ ಅವರು ಅದರಲ್ಲಿ ಆಡಿದ್ದರೆಂದು ಅರ್ಥವಲ್ಲ. ಅದು ಅಂಗಡಿಯಲ್ಲಿ ಎಲ್ಲರಿಗೂ ಮಾರಲಾದ ಮಾದರಿಯಾಗಿರುತ್ತದೆ. ಆಟಗಾರರು ನಿಜವಾಗಿ ಬಳಸಿದ ರ‍್ಯಾಕೆಟ್‌ನ ಬೆಲೆ ಇದಕ್ಕಿಂತ ಬಹುಪಾಲು ಹೆಚ್ಚು. ಆದುದರಿಂದಲೇ ಹೊಸಬರು ಮೋಸಹೋಗುವ ಸಂಭವವೂ ಇಲ್ಲಿ ಹೆಚ್ಚು. ರ‍್ಯಾಕೆಟ್ ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬ ಲಿಖಿತ ದಾಖಲೆ, ಆ ಕಾಲದ ಛಾಯಾಚಿತ್ರ, ಹಿಡಿಯ ಸುತ್ತು ಮತ್ತು ಸವೆತದ ಗುರುತುಗಳು ಪರಸ್ಪರ ಹೊಂದಿಕೆಯಾಗಬೇಕು. ಉದಾಹರಣೆಗೆ, ಬೋರ್ಗ್ ಅಮೆರಿಕದಲ್ಲಿ ಬ್ಯಾಂಕ್ರಾಫ್ಟ್ ಸಂಸ್ಥೆಯ ರ‍್ಯಾಕೆಟ್‌ಗಳನ್ನೂ ಯೂರೋಪಿನಲ್ಲಿ ಬೆಲ್ಜಿಯಂನ ಡೋನೆ ಸಂಸ್ಥೆಯವನ್ನೂ ಬಳಸುತ್ತಿದ್ದರು. ಅವರು ವಿಂಬಲ್ಡನ್‌ನಲ್ಲಿ ಬಳಸಿದ್ದೆಂದು ಹೇಳಲಾಗುವ ಬ್ಯಾಂಕ್ರಾಫ್ಟ್ ರ‍್ಯಾಕೆಟ್ ಕಂಡರೆ ಸಂಶಯಪಡಬೇಕಾಗುತ್ತದೆ. ದಾಖಲೆಯಿಲ್ಲದ ರ‍್ಯಾಕೆಟ್‌ಗೆ ಸಾಮಾನ್ಯ ಮಾದರಿಯ ಬೆಲೆಯನ್ನಷ್ಟೇ ಕೊಡುವುದು ಸಂಗ್ರಾಹಕರಲ್ಲಿ ರೂಢಿ.

ಸಂರಕ್ಷಣೆ

ಮರವು ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಈ ಏರಿಳಿತವೇ ಚೌಕಟ್ಟು ತಿರುಚಿಕೊಳ್ಳಲು ಮುಖ್ಯ ಕಾರಣ. ಕರಾವಳಿ ಮತ್ತು ಮಲೆನಾಡಿನಂತಹ ಮಳೆ ಹೆಚ್ಚಿರುವ ಪ್ರದೇಶಗಳಲ್ಲಿ ಕರುಳಿನ ತಂತಿ, ಚರ್ಮಗಳಿಗೆ ಬೂಷ್ಟು ಹಿಡಿಯುವ ಅಪಾಯವೂ ಇದೆ. ರ‍್ಯಾಕೆಟ್‌ಗಳನ್ನು ಹೊರಗೋಡೆಗೆ ಒರಗಿಸದೆ, ನೇರ ಬಿಸಿಲು ತಾಗದ, ಗಾಳಿಯಾಡುವ ಜಾಗದಲ್ಲಿ ಇಡಬೇಕು. ನಾಲ್ಕು ಮೂಲೆಗಳಲ್ಲಿ ತಿರುಪುಗಳಿರುವ ಮರದ ಪ್ರೆಸ್ ಚೌಕಟ್ಟನ್ನು ನೇರವಾಗಿ ಹಿಡಿದಿಡುತ್ತದೆ. ಎಲ್ಲ ತಿರುಪುಗಳನ್ನೂ ಸಮನಾಗಿ ಬಿಗಿಯದಿದ್ದರೆ ಅದೇ ಚೌಕಟ್ಟನ್ನು ಸೊಟ್ಟಗಾಗಿಸಬಲ್ಲದು.

ಸ್ವಚ್ಛಗೊಳಿಸಲು ಮೆದುವಾದ ಒಣಬಟ್ಟೆ ಸಾಕಾಗುತ್ತದೆ. ಮರಳುಕಾಗದದಿಂದ ಉಜ್ಜಿದರೆ ತಯಾರಕರ ಮುದ್ರೆ ಮತ್ತು ಅಂಟುಚಿತ್ರಗಳು ಅಳಿಸಿಹೋಗುತ್ತವೆ, ಅವುಗಳನ್ನು ಮರಳಿ ಪಡೆಯಲಾಗದು. ಹಳೆಯ ಚೌಕಟ್ಟಿಗೆ ಹೊಸ ತಂತಿಯನ್ನು ಬಿಗಿಯಾಗಿ ಹಾಕಿದರೆ ಅದು ಮುರಿಯಬಹುದು. ಅನಿವಾರ್ಯವಾಗಿ ದುರಸ್ತಿ ಮಾಡಿದಾಗ ಮೊದಲಿನ ಸ್ಥಿತಿಯ ಚಿತ್ರಗಳನ್ನೂ ತೆಗೆದುಹಾಕಿದ ಭಾಗಗಳನ್ನೂ ರ‍್ಯಾಕೆಟ್‌ನ ಜೊತೆಯಲ್ಲಿಯೇ ಇಡಲಾಗುತ್ತದೆ. ದೊರೆತ ಸ್ಥಳ, ಹಿಂದಿನ ಒಡೆಯರು, ಅಳತೆ ಮತ್ತು ತೂಕಗಳನ್ನು ಬರೆದಿಟ್ಟ ಪಟ್ಟಿಯಿದ್ದರೆ, ಸಂಗ್ರಹವು ಮುಂದೆ ಇನ್ನೊಬ್ಬರ ಕೈಸೇರಿದಾಗಲೂ ಪ್ರತಿ ರ‍್ಯಾಕೆಟ್‌ನ ಗುರುತು ಉಳಿಯುತ್ತದೆ.