ಮೊದಲಕ್ಷರದ ಮರೆಯಲ್ಲಿದ್ದ ಹುಡುಗಿ

ಐರ್ಲೆಂಡ್ ದೇಶದ ಪೂರ್ವ ಕರಾವಳಿಯಲ್ಲಿ, ರಾಜಧಾನಿ ಡಬ್ಲಿನ್ನಿನ ದಕ್ಷಿಣಕ್ಕೆ ಬ್ರೇ ಎಂಬ ಊರಿದೆ. ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ಬಾಲಕರ ಬಾಕ್ಸಿಂಗ್ ಪಂದ್ಯಗಳ ಪಟ್ಟಿಯಲ್ಲಿ ಆ ಊರಿನ ‘ಕೆ. ಟೇಲರ್’ ಎಂಬ ಹೆಸರು ಕಾಣಿಸಿಕೊಂಡಿತು. ಓದಿದವರಿಗೆ ಅದು ಕೆವಿನ್ ಆಗಿರಬಹುದು, ಕೀತ್ ಆಗಿರಬಹುದು; ಮೊದಲಕ್ಷರ ಗಂಡು ಹೆಣ್ಣೆಂಬುದನ್ನು ಹೇಳುವುದಿಲ್ಲ. ಕಣಕ್ಕೆ ಇಳಿಯುವಾಗ ಆ ಮಗು ತನ್ನ ಕೂದಲನ್ನು ಶಿರಸ್ತ್ರಾಣದೊಳಗೆ ಸೇರಿಸಿ ಮರೆಮಾಡಿಕೊಳ್ಳುತ್ತಿತ್ತು. ಪಂದ್ಯ ಮುಗಿದು ಶಿರಸ್ತ್ರಾಣ ತೆಗೆದ ಮೇಲೆಯೇ, ಇಷ್ಟು ಹೊತ್ತು ಸೆಣಸಿದವಳು ಹುಡುಗಿ ಎಂಬುದು ನೆರೆದವರಿಗೆ ತಿಳಿಯುತ್ತಿತ್ತು. ಆಕೆಯ ಪೂರ್ಣ ಹೆಸರು ಕೇಟಿ ಟೇಲರ್.

2022ರ ಏಪ್ರಿಲ್ 30ರ ರಾತ್ರಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಕ್ರೀಡಾಂಗಣದಲ್ಲಿ ಅದೇ ಹೆಸರು ಯಾವ ಮರೆಯೂ ಇಲ್ಲದೆ ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ ಬೆಳಗಿತು. ಬಾಕ್ಸಿಂಗ್ ಜಗತ್ತು ತನ್ನ ಗುಡಿಯೆಂದೇ ಭಾವಿಸುವ ಆ ಕ್ರೀಡಾಂಗಣದ ಸುದೀರ್ಘ ಇತಿಹಾಸದಲ್ಲಿ ಮಹಿಳೆಯರ ಪಂದ್ಯವೊಂದು ರಾತ್ರಿಯ ಮುಖ್ಯ ಪಂದ್ಯವಾದುದು ಅದೇ ಮೊದಲು. ಈ ಎರಡು ಪಟ್ಟಿಗಳ ನಡುವಿನ ಕಾಲದಲ್ಲಿ ಒಬ್ಬ ಹುಡುಗಿ ಬೆಳೆದಳು. ಅವಳೊಂದಿಗೆ ಒಂದು ಆಟದ ಕಾನೂನೂ ಬದಲಾಯಿತು.

ದೋಣಿಮನೆಯ ಅಭ್ಯಾಸ

ಕೇಟಿ ಹುಟ್ಟಿದ್ದು 1986ರ ಜುಲೈ 2ರಂದು. ತಂದೆ ಪೀಟ್ ಟೇಲರ್ ವೃತ್ತಿಯಿಂದ ಎಲೆಕ್ಟ್ರಿಷಿಯನ್. ಅದೇ 1986ರಲ್ಲಿ ಐರ್ಲೆಂಡಿನ ರಾಷ್ಟ್ರೀಯ ಬಾಕ್ಸಿಂಗ್ ಚಾಂಪಿಯನ್ ಆಗಿದ್ದವರು. ತಾಯಿ ಬ್ರಿಜೆಟ್ ಆ ದೇಶದಲ್ಲಿ ಬಾಕ್ಸಿಂಗ್ ತೀರ್ಪುಗಾರ್ತಿಯಾದ ಮೊದಲ ಮಹಿಳೆಯರಲ್ಲಿ ಒಬ್ಬರು. ಹನ್ನೊಂದು ಹನ್ನೆರಡರ ವಯಸ್ಸಿನಲ್ಲಿ ಮಗಳು ಗ್ಲೌಸ್ ತೊಟ್ಟಾಗ ತಂದೆಯೇ ಗುರುವಾದರು. ಬಂದರಿನ ಬಳಿಯ ಹಳೆಯ ದೋಣಿಮನೆಯೊಂದು ಬ್ರೇ ಬಾಕ್ಸಿಂಗ್ ಕ್ಲಬ್ಬಿನ ಅಭ್ಯಾಸಶಾಲೆಯಾಗಿತ್ತು. ಸೌಕರ್ಯಗಳು ಅಷ್ಟಕ್ಕಷ್ಟೇ ಇದ್ದ ಆ ಶಾಲೆಯಿಂದಲೇ ಮುಂದೆ ವಿಶ್ವ ಚಾಂಪಿಯನ್ ಒಬ್ಬಳು ಹೊರಬಂದಳು.

ಮನೆಯಲ್ಲಿ ಅಡ್ಡಿ ಇರಲಿಲ್ಲ. ಅಡ್ಡಿ ಇದ್ದುದು ನಿಯಮದಲ್ಲಿ. ಹುಡುಗಿಯರ ಬಾಕ್ಸಿಂಗಿಗೆ ಐರ್ಲೆಂಡಿನಲ್ಲಿ ಅಧಿಕೃತ ಮನ್ನಣೆಯೇ ಇರಲಿಲ್ಲ. ನೆರೆಯ ಬ್ರಿಟನ್ನಿನ ಪರಿಸ್ಥಿತಿಯೂ ಹೆಚ್ಚು ಭಿನ್ನವಾಗಿರಲಿಲ್ಲ. ಅಲ್ಲಿ ಜೇನ್ ಕೌಚ್ ಎಂಬ ಮಹಿಳೆ ವೃತ್ತಿಪರ ಬಾಕ್ಸಿಂಗಿಗೆ ಪರವಾನಗಿ ಕೇಳಿದಾಗ, ಮುಟ್ಟಿನ ದಿನಗಳಲ್ಲಿ ಹೆಣ್ಣಿನ ಮನಸ್ಸು ಸ್ಥಿರವಾಗಿರುವುದಿಲ್ಲ ಎಂಬ ವಾದವನ್ನು ಬ್ರಿಟಿಷ್ ಬಾಕ್ಸಿಂಗ್ ಮಂಡಳಿ ಮುಂದಿಟ್ಟಿತು. 1998ರಲ್ಲಿ ನ್ಯಾಯಮಂಡಳಿ ಆ ವಾದವನ್ನು ತಳ್ಳಿಹಾಕಿ ಜೇನ್ ಅವರ ಪರವಾಗಿ ತೀರ್ಪು ನೀಡಿತು.

ಬಾಕ್ಸಿಂಗ್ ಅಪಾಯವಿಲ್ಲದ ಆಟವಲ್ಲ. ತಲೆಗೆ ಮತ್ತೆ ಮತ್ತೆ ಬೀಳುವ ಪೆಟ್ಟು ಮಿದುಳಿಗೆ ಹಾನಿ ಮಾಡಬಲ್ಲದು. ಆ ಭಯದಿಂದ ಮಗುವನ್ನು ಕಣಕ್ಕೆ ಕಳುಹಿಸಲು ಹಿಂಜರಿಯುವ ತಾಯಿತಂದೆಯರನ್ನು ತಪ್ಪೆನ್ನಲಾಗದು. ಆದರೆ ಪೆಟ್ಟು ಗಂಡುಮಗುವಿನ ತಲೆಗೂ ಅಷ್ಟೇ ಅಪಾಯಕಾರಿ. ಅದೇ ಅಪಾಯವನ್ನು ಗಂಡುಮಕ್ಕಳ ವಿಷಯದಲ್ಲಿ ಧೈರ್ಯವೆಂದು ಹೊಗಳಿ, ಹೆಣ್ಣುಮಕ್ಕಳ ವಿಷಯದಲ್ಲಿ ನಿಷೇಧಕ್ಕೆ ಕಾರಣವಾಗಿಸಿದ ಕಾಲವದು.

2001ರ ಅಕ್ಟೋಬರ್ 31ರಂದು ಡಬ್ಲಿನ್ನಿನ ನ್ಯಾಷನಲ್ ಸ್ಟೇಡಿಯಂನಲ್ಲಿ ಐರ್ಲೆಂಡಿನ ಮೊದಲ ಅಧಿಕೃತ ಮಹಿಳಾ ಬಾಕ್ಸಿಂಗ್ ಪಂದ್ಯ ನಡೆಯಿತು. ಬೆಲ್‌ಫಾಸ್ಟಿನ ಅಲಾನಾ ಆಡ್ಲಿ ಅವರನ್ನು ಎದುರಿಸಿ ಗೆದ್ದ ಕೇಟಿಗೆ ಆಗ ಹದಿನೈದು ವರ್ಷ. ಅಂದಿನಿಂದ ಆಕೆಗೆ ಕೂದಲನ್ನು ಮರೆಮಾಡುವ ಅಗತ್ಯ ಬೀಳಲಿಲ್ಲ.

ದೆಹಲಿಯಿಂದ ಲಂಡನ್ನಿಗೆ

ಕೇಟಿಯ ಮೊದಲ ವಿಶ್ವ ಪ್ರಶಸ್ತಿಗೆ ಭಾರತದ ನೆಲವೇ ಸಾಕ್ಷಿಯಾಯಿತು. 2006ರಲ್ಲಿ ನವದೆಹಲಿಯಲ್ಲಿ ನಡೆದ ಮಹಿಳಾ ವಿಶ್ವ ಬಾಕ್ಸಿಂಗ್ ಚಾಂಪಿಯನ್‌ಷಿಪ್‌ನ 60 ಕಿಲೋ ವಿಭಾಗದಲ್ಲಿ ಇಪ್ಪತ್ತರ ಹರೆಯದ ಕೇಟಿ ಚಿನ್ನ ಗೆದ್ದರು. ಅದೇ ಕೂಟದಲ್ಲಿ 46 ಕಿಲೋ ವಿಭಾಗದ ಚಿನ್ನ ಮಣಿಪುರದ ಮೇರಿ ಕೋಮ್ ಅವರದಾಯಿತು. ಅನಂತರ 2008, 2010, 2012 ಮತ್ತು 2014ರಲ್ಲಿಯೂ ಗೆದ್ದು ಕೇಟಿ ಸತತ ಐದು ಬಾರಿ ವಿಶ್ವ ಚಾಂಪಿಯನ್ ಎನಿಸಿದರು. ಇದರ ನಡುವೆ ಫುಟ್‌ಬಾಲ್‌ನಲ್ಲಿಯೂ ದೇಶದ ಹಿರಿಯರ ತಂಡಕ್ಕೆ ಆಡಿದರು.

ಇಷ್ಟೆಲ್ಲ ಗೆದ್ದರೂ ಒಲಿಂಪಿಕ್ಸ್ ಬಾಗಿಲು ಮುಚ್ಚಿಯೇ ಇತ್ತು. ಬೇಸಿಗೆ ಒಲಿಂಪಿಕ್ಸ್‌ನ ಕ್ರೀಡೆಗಳಲ್ಲಿ ಮಹಿಳೆಯರಿಗೆ ಪ್ರವೇಶವಿಲ್ಲದೆ ಉಳಿದಿದ್ದುದು ಬಾಕ್ಸಿಂಗ್ ಒಂದೇ. ಒಲಿಂಪಿಕ್ ಸಮಿತಿಯ ಪ್ರತಿನಿಧಿಗಳ ಎದುರು ಮಹಿಳಾ ಬಾಕ್ಸಿಂಗ್ ಎಂದರೇನೆಂದು ತೋರಿಸಲು ನಡೆಸಿದ ಪ್ರದರ್ಶನ ಪಂದ್ಯದಲ್ಲಿ ಕೇಟಿ ಆಡಿದರು. ಇತರ ಆಟಗಾರರು ಕೇವಲ ಗೆಲುವಿಗಾಗಿ ಆಡುವಾಗ, ಇವರು ಆಡುವ ಹಕ್ಕಿಗಾಗಿಯೂ ಆಡಬೇಕಾಯಿತು. ಕೊನೆಗೆ 2009ರ ಆಗಸ್ಟ್‌ನಲ್ಲಿ ಸಮಿತಿ ಒಪ್ಪಿತು. ಲಂಡನ್ ಕೂಟದಲ್ಲಿ ಮಹಿಳೆಯರಿಗೆ ಮೂರು ತೂಕ ವಿಭಾಗಗಳು ದೊರೆತವು.

2012ರಲ್ಲಿ ಐರ್ಲೆಂಡಿನ ಧ್ವಜ ಹಿಡಿದು ಲಂಡನ್ ಒಲಿಂಪಿಕ್ಸ್ ಮೆರವಣಿಗೆಯ ಮುಂದೆ ನಡೆದವರು ಕೇಟಿ ಟೇಲರ್. ಆಗಸ್ಟ್ 9ರ ಅಂತಿಮ ಪಂದ್ಯದಲ್ಲಿ ಎದುರಾಳಿ ರಷ್ಯಾದ ಸೋಫಿಯಾ ಒಚಿಗಾವಾ. ನಾಲ್ಕು ಸುತ್ತಿನ ಆ ಪಂದ್ಯದಲ್ಲಿ ಮೊದಲ ಸುತ್ತು 2-2ರ ಸಮ. ಎರಡನೆಯ ಸುತ್ತಿನ ಕೊನೆಗೆ ಕೇಟಿ 3-4ರಿಂದ ಹಿಂದೆ. ಮೂರನೆಯ ಸುತ್ತಿನಲ್ಲಿ ಚೇತರಿಸಿಕೊಂಡ ಕೇಟಿ 7-5ರ ಮುನ್ನಡೆ ಪಡೆದು, ಕೊನೆಗೆ 10-8ರಿಂದ ಗೆದ್ದರು. ಬ್ರೇ ಊರಿನಲ್ಲಿ ದೊಡ್ಡ ಪರದೆಯ ಮುಂದೆ ನೆರೆದಿದ್ದ ಜನರ ಹರ್ಷಕ್ಕೆ ಪಾರವಿರಲಿಲ್ಲ. ಅದೇ ಕೂಟದ 51 ಕಿಲೋ ವಿಭಾಗದಲ್ಲಿ ಮೇರಿ ಕೋಮ್ ಕಂಚು ಗಳಿಸಿದರು. ಆರು ವರ್ಷಗಳ ಹಿಂದೆ ದೆಹಲಿಯಲ್ಲಿ ಗೆದ್ದವರಿಗೆ ಒಲಿಂಪಿಕ್ಸ್ ವೇದಿಕೆ ದೊರೆತದ್ದು ಹೀಗೆ.

ಬಿದ್ದು ಎದ್ದ ವರ್ಷ

ನಾಲ್ಕು ವರ್ಷಗಳ ಬಳಿಕ ಚಿತ್ರ ಬದಲಾಯಿತು. ಮೊದಲಿನಿಂದಲೂ ಜೊತೆಗಿದ್ದ ತಂದೆ ಆ ವೇಳೆಗೆ ಗುರುವಿನ ಸ್ಥಾನದಿಂದ ದೂರವಾಗಿದ್ದರು. 2016ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಫ್ರಾನ್ಸಿನ ಎಸ್ಟೆಲ್ ಮೊಸೆಲಿ ಎದುರು ಸೆಮಿಫೈನಲ್‌ನಲ್ಲಿ ಸೋಲು; ರಿಯೊ ಒಲಿಂಪಿಕ್ಸ್‌ನಲ್ಲಿ ಫಿನ್ಲೆಂಡಿನ ಮೀರಾ ಪೊಟ್ಕೋನೆನ್ ಎದುರು ಕ್ವಾರ್ಟರ್ ಫೈನಲ್‌ನಲ್ಲಿಯೇ ಸೋಲು. ಮೂವತ್ತರ ಹರೆಯದಲ್ಲಿ, ಐದು ವಿಶ್ವ ಪ್ರಶಸ್ತಿ ಮತ್ತು ಒಂದು ಒಲಿಂಪಿಕ್ ಚಿನ್ನದೊಂದಿಗೆ ಅವರು ಗೌರವದಿಂದ ನಿವೃತ್ತರಾಗಬಹುದಿತ್ತು.

ಕೇಟಿ ಹಾಗೆ ಮಾಡಲಿಲ್ಲ. ಬ್ರಿಟನ್ನಿನ ಪ್ರಸಿದ್ಧ ಪಂದ್ಯ ಸಂಘಟಕ ಎಡ್ಡಿ ಹರ್ನ್ ಅವರನ್ನು ತಾವಾಗಿಯೇ ಸಂಪರ್ಕಿಸಿ, ವೃತ್ತಿಪರ ಬಾಕ್ಸಿಂಗಿಗೆ ಅವಕಾಶ ಕೇಳಿದರು. ಮನೆ ಬಿಟ್ಟು ಅಮೆರಿಕದ ಕನೆಕ್ಟಿಕಟ್ ರಾಜ್ಯಕ್ಕೆ ಹೋಗಿ, ರಾಸ್ ಎನಮೇಟ್ ಎಂಬ ಗುರುವಿನ ಬಳಿ ಅಭ್ಯಾಸಕ್ಕೆ ನಿಂತರು. 2016ರ ನವೆಂಬರ್ 26ರಂದು ಲಂಡನ್ನಿನಲ್ಲಿ ಮೊದಲ ವೃತ್ತಿಪರ ಪಂದ್ಯ ಆಡಿ, ಮೂರನೆಯ ಸುತ್ತಿನಲ್ಲಿಯೇ ಗೆದ್ದರು.

ಹವ್ಯಾಸಿ ಬಾಕ್ಸಿಂಗಿಗೂ ವೃತ್ತಿಪರ ಬಾಕ್ಸಿಂಗಿಗೂ ಬಹಳ ಅಂತರವಿದೆ. ವೃತ್ತಿಪರರಿಗೆ ಶಿರಸ್ತ್ರಾಣವಿಲ್ಲ, ಮಹಿಳೆಯರ ವಿಶ್ವ ಪ್ರಶಸ್ತಿ ಪಂದ್ಯಕ್ಕೆ ಸಾಮಾನ್ಯವಾಗಿ ಎರಡು ನಿಮಿಷದ ಹತ್ತು ಸುತ್ತುಗಳು. ಕಣದ ಬದಿಯಲ್ಲಿ ಮೂವರು ತೀರ್ಪುಗಾರರು ಕುಳಿತು, ಪ್ರತಿ ಸುತ್ತಿನಲ್ಲಿ ಮೇಲುಗೈ ಪಡೆದವರಿಗೆ 10, ಇನ್ನೊಬ್ಬರಿಗೆ ಸಾಮಾನ್ಯವಾಗಿ 9 ಅಂಕ ನೀಡುತ್ತಾರೆ. ಆರು ಸುತ್ತು ಗೆದ್ದು ನಾಲ್ಕು ಸೋತವರ ಲೆಕ್ಕ 96-94 ಎಂದಾಗುತ್ತದೆ. ವಿಶ್ವ ಪ್ರಶಸ್ತಿ ನೀಡುವ ಮುಖ್ಯ ಸಂಸ್ಥೆಗಳೂ ನಾಲ್ಕು. ಒಂದೇ ತೂಕ ವಿಭಾಗದ ನಾಲ್ಕೂ ಬೆಲ್ಟ್‌ಗಳನ್ನು ಗಳಿಸಿದವರೇ ನಿರ್ವಿವಾದ ಚಾಂಪಿಯನ್.

ಕೇಟಿ ಮೊದಲ ಬೆಲ್ಟನ್ನು 2017ರ ಅಕ್ಟೋಬರ್‌ನಲ್ಲಿ ವೇಲ್ಸಿನ ಕಾರ್ಡಿಫ್‌ನಲ್ಲಿ, ಎರಡನೆಯದನ್ನು 2018ರಲ್ಲಿ ಬ್ರೂಕ್ಲಿನ್‌ನಲ್ಲಿ, ಮೂರನೆಯದನ್ನು 2019ರ ಮಾರ್ಚ್‌ನಲ್ಲಿ ಫಿಲಡೆಲ್ಫಿಯಾದಲ್ಲಿ ಗೆದ್ದರು. ನಾಲ್ಕನೆಯದಕ್ಕೆ ಅದೇ ಜೂನ್ 1ರಂದು ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬೆಲ್ಜಿಯಂನ ಪೊಲೀಸ್ ಅಧಿಕಾರಿ ಡೆಲ್ಫೀನ್ ಪರ್ಸೂನ್ ಎದುರಾದರು. ಇಬ್ಬರು ತೀರ್ಪುಗಾರರು 96-94ರಂತೆ ಕೇಟಿಗೆ ಜಯ ನೀಡಿದರು. ಮೂರನೆಯವರು ಪಂದ್ಯ ಸಮ ಎಂದರು. ಗೆದ್ದವರು ಪರ್ಸೂನ್ ಎಂದು ನಂಬಿದ ಪ್ರೇಕ್ಷಕರೂ ಬರಹಗಾರರೂ ಅಂದು ಬಹಳ ಮಂದಿ ಇದ್ದರು. ಮರುವರ್ಷ ಕೇಟಿ ಅವರೊಂದಿಗೇ ಮತ್ತೊಮ್ಮೆ ಕಾದಾಡಿದರು. ಆ ಸಲ ಮೂವರೂ ತೀರ್ಪುಗಾರರು ಅವರ ಪರವಾಗಿ ನಿಂತರು. ಸಂಶಯದ ಗೆಲುವಿಗೆ ಉತ್ತರವನ್ನು ಮಾತಿನಲ್ಲಿ ಕೊಡದೆ, ಮತ್ತೆ ಕಣಕ್ಕಿಳಿದು ಕೊಟ್ಟ ಪರಿ ಅದು.

ಸೆರಾನೊ ಎಂಬ ಸಮಬಲೆ

2022ರ ಆ ರಾತ್ರಿಯ ಎದುರಾಳಿ ಅಮಾಂಡಾ ಸೆರಾನೊ. ಪೋರ್ಟೊರಿಕೊದಲ್ಲಿ ಹುಟ್ಟಿ ಬ್ರೂಕ್ಲಿನ್‌ನಲ್ಲಿ ಬೆಳೆದ ಈ ಎಡಗೈ ಆಟಗಾರ್ತಿ ಏಳು ತೂಕ ವಿಭಾಗಗಳಲ್ಲಿ ವಿಶ್ವ ಪ್ರಶಸ್ತಿ ಗೆದ್ದವರು. ಅಂದು ಗಾರ್ಡನ್‌ಗೆ ಬಂದ ಪ್ರೇಕ್ಷಕರು 19,187. ಐದನೆಯ ಸುತ್ತಿನಲ್ಲಿ ಸೆರಾನೊ ಸುರಿಸಿದ ಹೊಡೆತಗಳಿಗೆ ಕೇಟಿ ತತ್ತರಿಸಿದರು. ಪಂದ್ಯ ಅಲ್ಲಿಗೇ ಮುಗಿದೀತೆಂದು ತೋರಿತು. ಅವರು ಬೀಳಲಿಲ್ಲ. ಕಾಲಿಗೆ ಬಲ ಮರಳಿದಂತೆ ಉಳಿದ ಸುತ್ತುಗಳಲ್ಲಿ ವೇಗ ಹೆಚ್ಚಿಸಿಕೊಂಡರು. ಇಬ್ಬರು ತೀರ್ಪುಗಾರರು ಕೇಟಿಯ ಪರ, ಒಬ್ಬರು ಸೆರಾನೊ ಪರ. ಆ ಪಂದ್ಯಕ್ಕೆ ಇಬ್ಬರಿಗೂ ತಲಾ ಹತ್ತು ಲಕ್ಷ ಡಾಲರಿಗೆ ಕಡಿಮೆಯಿಲ್ಲದ ಸಂಭಾವನೆ ದೊರೆಯಿತೆಂದು ಪತ್ರಿಕೆಗಳು ವರದಿ ಮಾಡಿದವು. ಮಹಿಳಾ ಬಾಕ್ಸಿಂಗ್ ನೋಡಲು ಜನ ಬರುವುದಿಲ್ಲವೆಂಬ ಹಳೆಯ ಮಾತು ಅಂದಿಗೆ ಸುಳ್ಳಾಯಿತು.

ಆದರೆ ತವರಿನಲ್ಲಿ ಕಾದಿದ್ದುದು ಬೇರೆ. 2023ರ ಮೇ 20ರಂದು, ವೃತ್ತಿಪರರಾದ ಮೇಲೆ ಮೊದಲ ಬಾರಿಗೆ ಡಬ್ಲಿನ್‌ನಲ್ಲಿ ಆಡಿದ ಕೇಟಿ, ಹೆಚ್ಚಿನ ತೂಕದ ವಿಭಾಗದಲ್ಲಿ ಇಂಗ್ಲೆಂಡಿನ ಶಾಂಟೆಲ್ ಕ್ಯಾಮರನ್ ಎದುರು ಸೋತರು. ಅದು ಅವರ ವೃತ್ತಿಪರ ಬದುಕಿನ ಮೊದಲ ಸೋಲು; ಸ್ವಂತ ಜನರ ಕಣ್ಣೆದುರಿನ ಸೋಲು. ಆರು ತಿಂಗಳ ಬಳಿಕ, ಮೂವತ್ತೇಳರ ವಯಸ್ಸಿನಲ್ಲಿ, ಅದೇ ಊರಿನಲ್ಲಿ ಅದೇ ಎದುರಾಳಿಯನ್ನು ಮಣಿಸಿ ಎರಡನೆಯ ತೂಕ ವಿಭಾಗದಲ್ಲಿಯೂ ನಿರ್ವಿವಾದ ಚಾಂಪಿಯನ್ ಆದರು.

2024ರ ನವೆಂಬರ್ 15ರಂದು ಟೆಕ್ಸಾಸಿನ ಆರ್ಲಿಂಗ್ಟನ್‌ನಲ್ಲಿ ಎಪ್ಪತ್ತು ಸಾವಿರಕ್ಕೂ ಹೆಚ್ಚು ಪ್ರೇಕ್ಷಕರೆದುರು ಕೇಟಿ, ಸೆರಾನೊ ಮತ್ತೆ ಮುಖಾಮುಖಿಯಾದರು. ತಲೆಗಳು ಪರಸ್ಪರ ತಾಗಿ ಸೆರಾನೊ ಕಣ್ಣಿನ ಮೇಲೆ ಆಳವಾದ ಗಾಯವಾಯಿತು; ತಲೆ ತಾಗಿಸಿದ್ದಕ್ಕಾಗಿ ಕೇಟಿಗೆ ಒಂದು ಅಂಕ ಕಡಿತವಾಯಿತು. ಮೂವರು ತೀರ್ಪುಗಾರರೂ 95-94 ಎಂದು ಬರೆದರು. ಒಂದೇ ಅಂಕದ ಈ ಜಯವನ್ನೂ ಒಪ್ಪದವರು ಅನೇಕರು. 2025ರ ಜುಲೈ 11ರಂದು ಗಾರ್ಡನ್‌ನಲ್ಲಿ ನಡೆದ ಮೂರನೆಯ ಪಂದ್ಯದಲ್ಲಿಯೂ ಕೇಟಿಗೇ ಜಯ. ಆ ರಾತ್ರಿಯ ಪಟ್ಟಿಯಲ್ಲಿದ್ದ ಪಂದ್ಯಗಳೆಲ್ಲವೂ ಮಹಿಳೆಯರವೇ. ಅಲ್ಲಿಗೆ ಕೇಟಿಯ ವೃತ್ತಿಪರ ಲೆಕ್ಕ 26 ಪಂದ್ಯ, 25 ಗೆಲುವು, 1 ಸೋಲು.

ಉಳಿದಿರುವ ಲೆಕ್ಕ

ಎಲ್ಲವೂ ಸರಿಹೋಗಿದೆ ಎನ್ನಲಾಗದು. ಪುರುಷರ ವಿಶ್ವ ಪ್ರಶಸ್ತಿ ಪಂದ್ಯಕ್ಕೆ ಮೂರು ನಿಮಿಷದ ಹನ್ನೆರಡು ಸುತ್ತು, ಒಟ್ಟು 36 ನಿಮಿಷ. ಮಹಿಳೆಯರಿಗೆ 20 ನಿಮಿಷ. ಸುರಕ್ಷತೆಗೆ ಇದೇ ಒಳಿತೆಂದು ಕೆಲವರು ವಾದಿಸಿದರೆ, ಸಮಾನ ಕಾಲವಿಲ್ಲದೆ ಸಮಾನ ಗೌರವವಿಲ್ಲ, ಸಮಾನ ಹಣವೂ ಇಲ್ಲ ಎಂದು ಇತರರು ಹೇಳುತ್ತಾರೆ. 2023ರ ಅಕ್ಟೋಬರ್‌ನಲ್ಲಿ ಸೆರಾನೊ ಪುರುಷರಂತೆಯೇ ಮೂರು ನಿಮಿಷದ ಹನ್ನೆರಡು ಸುತ್ತು ಆಡಿ ಗೆದ್ದು ತೋರಿಸಿದರು. ವಾದ ಇನ್ನೂ ಮುಗಿದಿಲ್ಲ.

ಕೇಟಿ ಟೇಲರ್ ಅವರ ಬೆಲ್ಟ್‌ಗಳು ಮುಂದೆ ಬೇರೆಯವರ ಸೊಂಟ ಸೇರುತ್ತವೆ. ಆಟದ ನಿಯಮವೇ ಹಾಗೆ. ಉಳಿಯುವುದು ಬೇರೊಂದು. ಬಂದರಿನ ಬಳಿಯ ದೋಣಿಮನೆಯಲ್ಲಿ ಕೌಶಲ ಮೊದಲೇ ಇತ್ತು. ಇಲ್ಲದಿದ್ದುದು ಅದನ್ನು ಪೂರ್ಣ ಹೆಸರಿನಲ್ಲಿ ಬರೆದುಕೊಳ್ಳುವ ಪಟ್ಟಿ. ಮಗಳ ಆಸೆಗೆ ಜೊತೆಗೂಡಿದ ಒಂದು ಮನೆ, 2001ರಲ್ಲಿ ಬಾಗಿಲು ತೆರೆದ ಒಂದು ಕ್ರೀಡಾಂಗಣ, 2009ರಲ್ಲಿ ಒಪ್ಪಿದ ಒಂದು ಸಮಿತಿ: ಇವು ಕೂಡಿದಾಗ ಆ ಪಟ್ಟಿ ಸಿದ್ಧವಾಯಿತು. ಶಾಲೆಯ ಕ್ರೀಡಾಕೂಟಕ್ಕೆ ಹೆಸರು ಬರೆಸಲು ಮಗಳು ಮನೆಯಲ್ಲಿ ಅನುಮತಿ ಕೇಳುವ ದಿನ, ಅವಳಿಗೆ ಬೇಕಾಗಿರುವುದೂ ಇಷ್ಟೇ. ಆ ಪಟ್ಟಿಯಲ್ಲಿ ಅವಳ ಹೆಸರು ಪೂರ್ತಿಯಾಗಿ ಇರಲಿ.