ಮಕ್ಕಳ ಕಂಠಪಾಠ: ಮನೆಶಾಲೆಯ ಕ್ರೈಸ್ತ ಸಮುದಾಯಗಳ ಅಭ್ಯಾಸದ ಕುರಿತು ಒಂದು ವಿಚಾರ

ಮಕ್ಕಳನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸುವುದು ಅಮೆರಿಕದ ಎಲ್ಲ 50 ರಾಜ್ಯಗಳಲ್ಲಿಯೂ 1993ರ ಹೊತ್ತಿಗೆ ನ್ಯಾಯಸಮ್ಮತವಾಯಿತು. ಹೀಗೆ ಓದಿಸುವ ಕ್ರೈಸ್ತ ಕುಟುಂಬಗಳಲ್ಲಿ ಒಂದು ವರ್ಗವು ಯೂರೋಪಿನ ಪ್ರಾಚೀನ ಶಿಕ್ಷಣಕ್ರಮವನ್ನು ಮರಳಿ ತರಲು ಬಯಸುತ್ತದೆ. 1997ರಲ್ಲಿ ಲೀ ಬಾರ್ಟಿನ್ಸ್ ಎಂಬವರು ಉತ್ತರ ಕ್ಯಾರೊಲೈನಾದಲ್ಲಿ ಆರಂಭಿಸಿದ ‘ಕ್ಲಾಸಿಕಲ್ ಕಾನ್ವರ್ಸೇಷನ್ಸ್’ ಈ ಬಗೆಯ ಸಮುದಾಯಗಳಲ್ಲಿ ಹೆಸರಾದದ್ದು. ಅಲ್ಲಿ ವಾರಕ್ಕೊಂದು ದಿನ ಕೆಲವು ಕುಟುಂಬಗಳು, ಬಹುಮಟ್ಟಿಗೆ ಒಂದು ದೇವಾಲಯದ ಕೊಠಡಿಗಳಲ್ಲಿ, ಕೂಡುತ್ತವೆ. ಇತಿಹಾಸದ ಒಂದು ವಾಕ್ಯ, ಲ್ಯಾಟಿನ್ ಭಾಷೆಯ ವಿಭಕ್ತಿ ಪ್ರತ್ಯಯಗಳು, ಮಗ್ಗಿ, ಭೂಪಟದ ಕೆಲವು ಹೆಸರುಗಳು ಇವೇ ಮುಂತಾದವನ್ನು ಬೋಧಕರು ಹಾಡಿಸಿ, ಕೈಸನ್ನೆ ಮಾಡಿಸಿ ಕಲಿಸುತ್ತಾರೆ. ತಾಯಿಯೋ ತಂದೆಯೋ ಹಿಂದೆ ಕುಳಿತು ಅದನ್ನು ನೋಡಿಕೊಳ್ಳುತ್ತಾರೆ. ವಾರದ ಉಳಿದ ದಿನಗಳಲ್ಲಿ ಮನೆಯಲ್ಲಿ ಹೇಳಿಸುವ ಹೊಣೆ ಅವರದೇ. ಹೀಗೆ ವರ್ಷಕ್ಕೆ 24 ವಾರ ನಡೆಯುತ್ತದೆ. ಕೊನೆಯಲ್ಲಿ ಆ ವರ್ಷದ ಪಾಠವೆಲ್ಲವನ್ನೂ ತಪ್ಪಿಲ್ಲದೆ ಒಪ್ಪಿಸಿದ ಮಗುವಿಗೆ ‘ಮೆಮೊರಿ ಮಾಸ್ಟರ್’ ಎಂಬ ಬಿರುದು ದೊರೆಯುತ್ತದೆ.

ಮಾರ್ಚ್ ತಿಂಗಳಲ್ಲಿ ಎಲ್ಲವನ್ನೂ ಒಪ್ಪಿಸಿದ ಮಗುವಿನಲ್ಲಿ ಅಕ್ಟೋಬರ್ ಹೊತ್ತಿಗೆ ಎಷ್ಟು ಉಳಿದಿರುತ್ತದೆ? ಒಪ್ಪಿಸಲಾರದ ಮಗುವಿನ ಗತಿ ಏನು? ನಮ್ಮ ಭಾನುವಾರ ಶಾಲೆಗಳ ಕಂಠಪಾಠದ ವಾಕ್ಯಗಳ ವಿಷಯದಲ್ಲಿಯೂ ಇವೇ ಪ್ರಶ್ನೆಗಳು ಏಳುವುದರಿಂದ, ಈ ಸಮುದಾಯಗಳ ಅಭ್ಯಾಸವನ್ನು ಸ್ವಲ್ಪ ವಿವರವಾಗಿ ನೋಡುವುದು ಉಚಿತವೆಂದು ನಾವು ಭಾವಿಸುತ್ತೇವೆ.

ಈ ಚಳವಳಿಯ ಹಿಂದೆ ಡೊರೊಥಿ ಸೇಯರ್ಸ್ 1947ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಮಾಡಿದ ಒಂದು ಉಪನ್ಯಾಸವಿದೆ. ವ್ಯಾಕರಣ, ತರ್ಕ, ವಾಗ್ಮಿತೆ ಎಂಬ ಮಧ್ಯಯುಗದ ಮೂರು ವಿದ್ಯೆಗಳನ್ನು ಆಕೆ ಮಗುವಿನ ಬೆಳವಣಿಗೆಯ ಮೂರು ಹಂತಗಳಿಗೆ ಹೊಂದಿಸಿದರು. ಮೊದಲನೆಯದು ಗಿಳಿಯ ಹಂತ: ಮಗುವು ಅರ್ಥವನ್ನು ಕೇಳದೆ ಸಂತೋಷದಿಂದ ಬಾಯಿಪಾಠ ಮಾಡುವ ವಯಸ್ಸು. ವಿಶ್ವಾಸಪ್ರಮಾಣ, ಕರ್ತನ ಪ್ರಾರ್ಥನೆ, ದಶಾಜ್ಞೆಗಳು ಆ ವಯಸ್ಸಿನಲ್ಲಿ ಪೂರ್ತಿ ತಿಳಿಯದಿದ್ದರೂ ನೆನಪಿನಲ್ಲಿ ಕುಳಿತರೆ ಸಾಕೆಂಬುದು ಆಕೆಯ ಅಭಿಪ್ರಾಯ. ಮಕ್ಕಳ ಮನಸ್ಸಿನ ಕುರಿತ ತಮ್ಮ ಮಾತು ಶಾಸ್ತ್ರಸಮ್ಮತವಲ್ಲವೆಂದು ಆಕೆಯೇ ನಗುತ್ತಾ ಒಪ್ಪಿಕೊಂಡಿದ್ದರು. ತಮ್ಮ ಸಲಹೆ ಎಂದಾದರೂ ಜಾರಿಗೆ ಬರುವುದೆಂಬ ನಿರೀಕ್ಷೆಯೂ ಆಕೆಗಿರಲಿಲ್ಲ. ಅನುಯಾಯಿಗಳಲ್ಲಿ ಕೆಲವರು ಅದನ್ನು ನಿಯಮವನ್ನಾಗಿ ಮಾಡಿಕೊಂಡಿದ್ದಾರೆ. ಆರು ವರ್ಷದ ಮಗು ‘ಏಕೆ’ ಎಂದು ಕೇಳುವುದಿಲ್ಲವೆಂದು ಹೇಳುವವರು ಅಂಥ ಮಗುವಿನೊಂದಿಗೆ ಒಂದು ಮಧ್ಯಾಹ್ನ ಕಳೆದವರಲ್ಲವೆಂದೇ ನಮಗೆ ತೋರುತ್ತದೆ.

ಸೇಯರ್ಸ್‌ರಿಗಿಂತ ಮಾರ್ಟಿನ್ ಲೂಥರ್ ಈ ವಿಷಯದಲ್ಲಿ ಹೆಚ್ಚು ಉಪಯುಕ್ತನಾದ ಮಾರ್ಗದರ್ಶಿ. 1529ರ ‘ಕಿರಿಯ ಕ್ಯಾಟಕಿಸಂ’ ಎಂಬ ಪ್ರಶ್ನೋತ್ತರ ಬೋಧೆಯ ಮುನ್ನುಡಿಯಲ್ಲಿ ಅವನು ಸಭಾಪಾಲಕರಿಗೆ ಕೊಟ್ಟ ಮೊದಲ ಸಲಹೆ ಇದು: ದಶಾಜ್ಞೆಗಳಿಗಾಗಲಿ ಪ್ರಾರ್ಥನೆಗಾಗಲಿ ಒಂದೇ ಪಾಠವನ್ನು ಆರಿಸಿಕೊಳ್ಳಿರಿ, ವರ್ಷವರ್ಷಕ್ಕೂ ಅದರ ಒಂದು ಅಕ್ಷರವನ್ನೂ ಬದಲಿಸಬೇಡಿರಿ, ಬದಲಿಸಿದರೆ ಎಳೆಯರು ಗಲಿಬಿಲಿಗೊಂಡು ಪಟ್ಟ ಶ್ರಮವೆಲ್ಲ ನಷ್ಟವಾಗುತ್ತದೆ. ಪಾಠವು ಬಾಯಿಗೆ ಬಂದ ಬಳಿಕವೇ ಅರ್ಥವನ್ನು ಕಲಿಸಬೇಕು, ಅದನ್ನೂ ಒಂದೊಂದೇ ಭಾಗವಾಗಿ, ಅವಸರವಿಲ್ಲದೆ. ಕನ್ನಡದಲ್ಲಿ ಸತ್ಯವೇದದ ಒಂದಕ್ಕಿಂತ ಹೆಚ್ಚು ಭಾಷಾಂತರಗಳು ಬಳಕೆಯಲ್ಲಿರುವಾಗ ಈ ಸಲಹೆ ನಮಗೂ ತಟ್ಟುತ್ತದೆ. ಮನೆಯಲ್ಲಿ ಅಜ್ಜಿ ಒಂದು ಪಾಠವನ್ನು, ಭಾನುವಾರ ಶಾಲೆಯ ಶಿಕ್ಷಕಿ ಇನ್ನೊಂದನ್ನು ಹೇಳಿಸಿದರೆ ಮಗುವು ಎರಡನ್ನೂ ಬೆರೆಸಿ ಎಡವುತ್ತದೆ. ತಪ್ಪು ಮಗುವಿನದಲ್ಲದಿದ್ದರೂ ಗದರಿಕೆ ಮಗುವಿಗೇ.

ಹನ್ನೆರಡನೆಯ ಶತಮಾನದಲ್ಲಿ ಪ್ಯಾರಿಸ್‌ನ ಸೇಂಟ್ ವಿಕ್ಟರ್ ಮಠದಲ್ಲಿದ್ದ ಹ್ಯೂಗ್ ಎಂಬ ದೈವಜ್ಞಾನಿಯೂ ಎಳೆಯ ವಿದ್ಯಾರ್ಥಿಗಳಿಗೆ ಇದಕ್ಕೆ ಹತ್ತಿರವಾದ ಮಾತನ್ನೇ ಹೇಳಿದ್ದನು. ಯಾವಾಗಲೂ ಒಂದೇ ಪ್ರತಿಯಿಂದ ಓದಬೇಕು. ವಾಕ್ಯವು ಪುಟದ ಯಾವ ಕಡೆಯಲ್ಲಿದೆ, ಅಕ್ಷರದ ಬಣ್ಣ ಯಾವುದು ಎಂಬುದೂ ನೆನಪಿಗೆ ಆಧಾರವಾಗುತ್ತದೆ. 150 ಕೀರ್ತನೆಗಳ ಸಂಖ್ಯೆಯನ್ನೂ ಪ್ರತಿಯೊಂದರ ಆರಂಭದ ಮಾತನ್ನೂ ಮೊದಲು ಜೋಡಿಸಿಕೊಂಡು, ಬಳಿಕ ಒಂದೊಂದರೊಳಗಿನ ವಚನಗಳನ್ನು ಹಾಗೆಯೇ ಕ್ರಮವಾಗಿ ಇಡಬೇಕು. ಹೀಗೆ ಕಲಿತವನು ನಡುವಿನಿಂದಲೂ ಕೊನೆಯಿಂದಲೂ ಹೇಳಬಲ್ಲನು. ಇಲ್ಲಿಯೇ ಮನೆಶಾಲೆಯ ಸಮುದಾಯಗಳ ಹಾಡುಗಳ ಬಲವೂ ಬಲಹೀನತೆಯೂ ಕಾಣುತ್ತದೆ. ಲೋಕದ ಇತಿಹಾಸದ ಸುಮಾರು 160 ಘಟನೆಗಳನ್ನು ಒಂದೇ ಹಾಡಿನಲ್ಲಿ ಪೋಣಿಸಿ ಏಳು ವರ್ಷದವರೂ ಹಾಡುವುದು ಆಶ್ಚರ್ಯವೇ. ಆದರೆ ನಡುವಿನ ಒಂದು ಘಟನೆಯನ್ನು ಕೇಳಿದರೆ ಮಗು ಮೊದಲಿನಿಂದ ಹಾಡಿಕೊಂಡು ಬರಬೇಕಾಗುತ್ತದೆ. ರಾಗವು ಹೊತ್ತೊಯ್ಯುತ್ತದೆ, ಆದರೆ ಬೇಕಾದಲ್ಲಿ ಇಳಿಸುವುದಿಲ್ಲ. ಸತ್ಯವೇದದ ಕವಿಗಳಿಗೆ ಇದು ತಿಳಿದಿದ್ದಿರಬೇಕು: 119ನೆಯ ಕೀರ್ತನೆಯ 176 ವಚನಗಳನ್ನು ಇಬ್ರಿಯ ವರ್ಣಮಾಲೆಯ 22 ಅಕ್ಷರಗಳಿಗೆ ಎಂಟೆಂಟರಂತೆ ಹಂಚಿರುವುದರಿಂದ, ಒಂದು ಅಕ್ಷರವನ್ನು ನೆನೆದವನಿಗೆ ಒಂದು ಬಾಗಿಲು ತೆರೆಯುತ್ತದೆ.

ಇನ್ನು ಮರೆವಿನ ವಿಷಯ. ಜರ್ಮನಿಯ ಹೆರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದ ಗ್ರಂಥವು, ಕಲಿತದ್ದರ ಹೆಚ್ಚಿನ ಪಾಲು ಮೊದಲ ಗಂಟೆಗಳಲ್ಲಿಯೇ ಜಾರಿಹೋಗುವುದೆಂದೂ ಬಿಡುವು ಕೊಟ್ಟು ಮಾಡಿದ ಪುನರಾವರ್ತನೆ ಹೆಚ್ಚು ಫಲಕಾರಿಯೆಂದೂ ತೋರಿಸಿತು. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಎಂಬವರು ನಡೆಸಿದ ಪ್ರಯೋಗವು ಇನ್ನೊಂದನ್ನು ಸೇರಿಸಿತು. ಪಾಠವನ್ನು ಮತ್ತೆ ಮತ್ತೆ ಓದಿದ ವಿದ್ಯಾರ್ಥಿಗಳು ಐದು ನಿಮಿಷಗಳ ಬಳಿಕ ಮುಂದಿದ್ದರು. ಒಂದು ವಾರದ ಬಳಿಕವಾದರೋ ಪುಸ್ತಕ ಮುಚ್ಚಿ ನೆನಪಿನಿಂದ ತೆಗೆಯಲು ಪ್ರಯತ್ನಿಸಿದವರೇ ಹೆಚ್ಚನ್ನು ಉಳಿಸಿಕೊಂಡಿದ್ದರು. ಪರೀಕ್ಷೆಯ ಹಿಂದಿನ ರಾತ್ರಿಯ ಉರುಹೊಡೆಯುವಿಕೆ ಏಕೆ ಮೋಸಮಾಡುತ್ತದೆಂಬುದಕ್ಕೆ ಇದೇ ಕಾರಣ: ಅದು ಮರುದಿನ ಬೆಳಿಗ್ಗೆ ಯಶಸ್ವಿಯಾಗುತ್ತದೆ.

ಮನೆಶಾಲೆಯ ಕುಟುಂಬಗಳಲ್ಲಿ ಹರಡಿರುವ ಒಂದು ಸರಳ ಸಾಧನ ಈ ತತ್ವವನ್ನು ಚೆನ್ನಾಗಿ ಬಳಸುತ್ತದೆ. ಒಂದು ಪೆಟ್ಟಿಗೆ, ಅದರಲ್ಲಿ ವಚನಗಳನ್ನು ಬರೆದ ಚೀಟಿಗಳು, ಅವುಗಳ ನಡುವೆ ಗುರುತಿನ ರಟ್ಟುಗಳು. ‘ಪ್ರತಿದಿನ’ ಎಂಬುದು ಒಂದು ರಟ್ಟು; ಸಮ ತಾರೀಖು, ಬೆಸ ತಾರೀಖು ಎಂಬವು ಎರಡು; ವಾರದ ದಿನಗಳಿಗೆ ಏಳು; ತಿಂಗಳ ತಾರೀಖುಗಳಿಗೆ 31. ಹೊಸ ವಚನವು ‘ಪ್ರತಿದಿನ’ದಲ್ಲಿ ಕುಳಿತಿರುತ್ತದೆ. ಅದು ತಡವರಿಸದೆ ಬರತೊಡಗಿದಾಗ ದಿನಬಿಟ್ಟು ದಿನದ ಭಾಗಕ್ಕೆ, ಅಲ್ಲಿಂದ ವಾರಕ್ಕೊಮ್ಮೆಯ ಭಾಗಕ್ಕೆ, ಕೊನೆಗೆ ತಿಂಗಳಿಗೊಮ್ಮೆಯ ಭಾಗಕ್ಕೆ ಸರಿಯುತ್ತದೆ. ಆಯಾ ದಿನ ನಾಲ್ಕು ರಟ್ಟುಗಳ ಹಿಂದಿನ ಚೀಟಿಗಳನ್ನು ಮಾತ್ರ ಹೇಳಿಸಿದರೆ ಸಾಕು. ಸಂಜೆಯ ಕುಟುಂಬ ಪ್ರಾರ್ಥನೆಯಲ್ಲಿ ಹತ್ತು ನಿಮಿಷದ ಕೆಲಸ. ಮಗುವು ತಡವರಿಸಿದಾಗ ತಾಯಿ ಕೂಡಲೇ ಹೇಳಿಕೊಡದೆ ಸ್ವಲ್ಪ ಕಾಯಬೇಕು, ಬಳಿಕ ಮೊದಲ ಪದವೊಂದನ್ನು ಮಾತ್ರ ಕೊಡಬೇಕು. ಆ ಕಾಯುವಿಕೆಯಲ್ಲಿಯೇ ನೆನಪು ಗಟ್ಟಿಯಾಗುವುದು. ಆದರೆ ತಾಳ್ಮೆ ಇಲ್ಲದವರಿಗೆ ಅದಕ್ಕಿಂತ ಕಷ್ಟವಾದ ಕೆಲಸವಿಲ್ಲ.

ಅರ್ಥವಿಲ್ಲದ ಬಾಯಿಪಾಠವೆಂಬ ಆಕ್ಷೇಪಣೆಯನ್ನು ನಾವು ಹಗುರವಾಗಿ ಎಣಿಸುವುದಿಲ್ಲ. ಅಗಸ್ಟೀನನು ತನ್ನ ‘ಅರಿಕೆಗಳು’ ಗ್ರಂಥದ ಮೊದಲನೆಯ ಭಾಗದಲ್ಲಿ, ಒಂದಕ್ಕೆ ಒಂದು ಸೇರಿದರೆ ಎರಡು ಎಂಬ ಶಾಲೆಯ ರಾಗವು ತನಗೆ ಅಸಹ್ಯವಾಗಿತ್ತೆಂದು ಬರೆಯುತ್ತಾನೆ. ಮಗ್ಗಿ ಹೇಳಿದ ನಮ್ಮವರಿಗೆ ಇದು ಅಪರಿಚಿತವಲ್ಲ. ದಾದಿಯರ ಮಾತು, ನಗು, ಆಟಗಳ ನಡುವೆ ಲ್ಯಾಟಿನ್ ತಾನಾಗಿ ಬಂದಿತು. ಶಿಕ್ಷೆಯ ಭಯದಿಂದ ಕಲಿಸಿದ ಗ್ರೀಕ್ ಅವನಿಗೆ ಕಹಿಯಾಯಿತು. ಬಲವಂತದ ಭಯಕ್ಕಿಂತ ಸ್ವತಂತ್ರವಾದ ಕುತೂಹಲಕ್ಕೆ ಕಲಿಸುವ ಶಕ್ತಿ ಹೆಚ್ಚೆಂದು ಅವನು ತೀರ್ಮಾನಿಸುತ್ತಾನೆ. ಐಥಿಯೋಪ್ಯದ ಕಂಚುಕಿಯು ಯೆಶಾಯನನ್ನು ಅರ್ಥವಾಗದೆಯೇ ಓದುತ್ತಿದ್ದನು. ಫಿಲಿಪ್ಪನು ಅದಕ್ಕಾಗಿ ಅವನನ್ನು ಗದರಿಸದೆ ರಥವನ್ನು ಹತ್ತಿ ಪಕ್ಕದಲ್ಲಿ ಕುಳಿತನು. ಅರ್ಥವಾಗದ ಪದಗಳು ಬಾಯಲ್ಲಿರುವುದು ದೋಷವಲ್ಲ, ಪಕ್ಕದಲ್ಲಿ ಕೂರುವವರು ಇಲ್ಲದಿರುವುದು ದೋಷ. ಧರ್ಮೋಪದೇಶಕಾಂಡದ ಆರನೆಯ ಅಧ್ಯಾಯದಲ್ಲಿ ಆಜ್ಞೆಗಳು ಮೊದಲು ಇರಬೇಕಾದದ್ದು ತಂದೆತಾಯಿಗಳ ಹೃದಯದಲ್ಲಿ. ಮಕ್ಕಳ ಮಾತು ಅದರ ಮುಂದಿನ ವಚನದಲ್ಲಿ ಬರುತ್ತದೆ. ಚೀಟಿಯನ್ನು ಕೈಯಲ್ಲಿ ಹಿಡಿದು ಹೇಳಿಸುವ ತಂದೆಗೆ ಆ ವಚನ ತಾನೇ ಬರುವುದೇ ಎಂದು ಮಗು ಕೇಳಿದರೆ, ಅದು ಉದ್ಧಟತನವಲ್ಲ.

ಕೊನೆಯದಾಗಿ, ಒಪ್ಪಿಸಲಾರದ ಮಗು. ಬಿರುದಿನ ವಿಷಯದಲ್ಲಿ ನಮಗೆ ನಿಜವಾದ ಆತಂಕವಿರುವುದು ಇಲ್ಲಿ. ಕೆಲವು ಮಕ್ಕಳಿಗೆ ಮಾತು ತೊದಲುತ್ತದೆ. ಕೆಲವರಿಗೆ ಅಕ್ಷರಗಳು ಸುಲಭವಾಗಿ ಹಿಡಿತಕ್ಕೆ ಸಿಗುವುದಿಲ್ಲ. ಕೆಲವರು ಮನೆಯಲ್ಲಿ ಸರಾಗವಾಗಿ ಹೇಳಿ ಜನರೆದುರು ಮೂಕರಾಗುತ್ತಾರೆ. ಇತಿಹಾಸದ ವಾಕ್ಯದಲ್ಲಿ ಸೋತ ಮಗು ತನಗೆ ಇತಿಹಾಸ ಬಾರದೆಂದುಕೊಳ್ಳುತ್ತದೆ. ದೇವರ ವಾಕ್ಯದಲ್ಲಿ ಸೋತದ್ದಾದರೋ ದೇವರಿಗೆ ತಾನು ಬೇಡವೆಂದುಕೊಂಡೀತು. ಸುವಾರ್ತೆಗಳಲ್ಲಿ ನೆನಪು ಸಾಮರ್ಥ್ಯದ ಪ್ರದರ್ಶನವಾಗಿ ಕಾಣಿಸುವುದಿಲ್ಲ. ಪೇತ್ರನಿಗೆ ಯೇಸುವಿನ ಮಾತು ನೆನಪಾದದ್ದು ಕೋಳಿ ಕೂಗಿದಾಗ, ಸೋತ ಬಳಿಕ. ಶಿಷ್ಯರು ಮರೆಯುವರೆಂದು ತಿಳಿದೇ ಕರ್ತನು, ನೆನಪಿಗೆ ತರುವ ಸಹಾಯಕನನ್ನು ವಾಗ್ದಾನ ಮಾಡಿದನು. ಶಿಲುಬೆಯ ಮೇಲೆ ಆತನ ಬಾಯಿಂದ ಬಂದ ಮಾತುಗಳಲ್ಲಿ 22ನೆಯ ಮತ್ತು 31ನೆಯ ಕೀರ್ತನೆಗಳು ಇದ್ದವು. ಬೇರೆಲ್ಲವನ್ನೂ ಮರೆತ ವೃದ್ಧರು ಕರ್ತನ ಪ್ರಾರ್ಥನೆಗೆ ತುಟಿ ಸೇರಿಸುವುದನ್ನು ಕಂಡ ಸಭಾಪಾಲಕರು ನಮ್ಮಲ್ಲಿಯೂ ಇದ್ದಾರೆ. ಮಗುವಿಗೆ ವಚನಗಳನ್ನು ಕೊಡುವುದು ಅಂಥ ದಿನಗಳಿಗಾಗಿ. ಆ ದಿನಗಳಲ್ಲಿ ಬಹುಮಾನ ಕೊಡುವವರು ಯಾರೂ ಹತ್ತಿರವಿರುವುದಿಲ್ಲ.

ಆದ್ದರಿಂದ ಇಂಥ ಮಗುವಿಗೆ ಪಾಲನ್ನು ಕಡಿಮೆಮಾಡಬಹುದು: ವರ್ಷಕ್ಕೆ ಇಪ್ಪತ್ತು ವಚನಗಳ ಬದಲು ಆರು ವಚನಗಳ 23ನೆಯ ಕೀರ್ತನೆಯೊಂದೇ ಸಾಕು. ಗುಂಪಿನೊಡನೆ ಒಟ್ಟಾಗಿ ಹೇಳುವುದನ್ನೂ ಹೇಳಿದ್ದಾಗಿಯೇ ಎಣಿಸಬಹುದು. ಕೈಸನ್ನೆಯಿಂದ, ಚಿತ್ರದಿಂದ, ತಾಯಿಯೊಬ್ಬಳ ಎದುರಿನಲ್ಲಿ ಪಿಸುಮಾತಿನಿಂದ ಒಪ್ಪಿಸಲು ಅವಕಾಶ ಕೊಡಬಹುದು. ಅರ್ಧ ವಚನವನ್ನು ದೊಡ್ಡವರು ಹೇಳಿ ಉಳಿದರ್ಧವನ್ನು ಮಗುವಿಗೆ ಬಿಡುವ ಪದ್ಧತಿಯೂ ಒಳ್ಳೆಯದು. ಆರಾಧನೆಯಲ್ಲಿ ಸಭೆ ಕೀರ್ತನೆಗಳನ್ನು ಸರದಿಯಂತೆ ಓದುವುದೂ ಹಾಗೆಯೇ ಅಲ್ಲವೇ? ಅಲ್ಲಿ ಅರ್ಧವನ್ನೇ ಹೇಳಿದವರಿಗೆ ಅಂಕ ಕಡಿಮೆಯಾದದ್ದನ್ನು ನಾವು ಕೇಳಿಲ್ಲ.